"ಇಷ್ಟೆಲ್ಲಾ ಆದ ಮೇಲೂ ಸ್ತೋತ್ರನಾ?"

ದಾವಣಗೆರೆಯ ಕೆ.ಟಿ.ಜೆ. ನಗರದಲ್ಲಿ ನಮ್ಮ ಮನೆ. ಬಾಗಿಲ ಮುಂದೆ ಒಂದು ಸಣ್ಣ ಕಟ್ಟೆ ಇದೆ. ಬೆಳಿಗ್ಗೆ ಎಳೆ ಬಿಸಿಲು ಬಂದ ಮೇಲೆ ನಮ್ಮ ಯಜಮಾನರನ್ನು ಕೈ ಹಿಡಿದು ಕರೆತಂದು ಅಲ್ಲಿ ಕುರ್ಚಿ ಹಾಕಿ ಕೂರಿಸುತ್ತೇನೆ. ದಾರಿಯಲ್ಲಿ ಹೋಗುವವರು "ಹೆಂಗಿದೀರಿ ಅಣ್ಣಾ?" ಎಂದು ಕೇಳುತ್ತಾರೆ. ಇವರು ಎಡಗೈ ಎತ್ತಿ "ಸ್ತೋತ್ರ" ಅನ್ನುತ್ತಾರೆ. ಹಾಲಿನವರಿಗೂ ಸ್ತೋತ್ರ, ಸೊಪ್ಪಿನ ಅಜ್ಜಿಗೂ ಸ್ತೋತ್ರ, ಕರೆಂಟ್ ಬಿಲ್ ಕೊಡಲು ಬಂದ ಹುಡುಗನಿಗೂ ಸ್ತೋತ್ರ.

ಆಮೇಲೆ ಅವರೆಲ್ಲ ನನ್ನ ಕಡೆ ತಿರುಗಿ ಕೇಳುವುದು ಒಂದೇ ಪ್ರಶ್ನೆ. "ಅಲ್ಲಾ ಟೀಚರ್, ಇಷ್ಟೆಲ್ಲಾ ಆದ ಮೇಲೂ ದೇವರಿಗೆ ಸ್ತೋತ್ರ ಅಂತಾರಲ್ಲ! ನಿಮಗೆ ಸಿಟ್ಟು ಬರಲ್ವಾ?" ನಮ್ಮ ಸಭೆಯವರು, ಅಂದರೆ ಚರ್ಚಿನವರು, ಅದನ್ನೇ ಬೇರೆ ಥರ ಕೇಳುತ್ತಾರೆ. "ಅಕ್ಕಾ, ಈ ಕಷ್ಟದಲ್ಲೂ ಸಂತೋಷವಾಗಿ ಇದೀರಲ್ಲ, ಸಾಕ್ಷಿ ಹೇಳಿ." ದೇವರು ನಮಗೆ ಮಾಡಿದ್ದನ್ನು ಎಲ್ಲರ ಮುಂದೆ ಹೇಳುವುದಕ್ಕೆ ನಮ್ಮಲ್ಲಿ ಸಾಕ್ಷಿ ಅನ್ನುತ್ತೇವೆ. ಗೇಟಿನ ಹತ್ತಿರ ನಿಂತು ಎರಡು ಮಾತಲ್ಲಿ ಹೇಳಿ ಮುಗಿಸುವ ಉತ್ತರ ನನ್ನ ಹತ್ತಿರ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಇವರು ಎಪಿಎಂಸಿಯಲ್ಲಿ ಒಂದು ದಲಾಲಿ ಅಂಗಡಿಯ ಗುಮಾಸ್ತರಾಗಿದ್ದರು. ಮಾತಾಡಿಯೇ ಬದುಕಿದವರು. ಮೆಕ್ಕೆಜೋಳದ ಸೀಸನ್ ಬಂದರೆ ಬೆಳಿಗ್ಗೆಯಿಂದ ರಾತ್ರಿವರೆಗೆ ರೈತರ ಜೊತೆ, ಲಾರಿಯವರ ಜೊತೆ, ಹಮಾಲರ ಜೊತೆ ಮಾತೇ ಮಾತು. ಭಾನುವಾರ ಸಭೆಯಲ್ಲಿ ಬಾಗಿಲ ಹತ್ತಿರ ನಿಂತು ಬಂದವರಿಗೆಲ್ಲ "ಸ್ತೋತ್ರ, ಸ್ತೋತ್ರ" ಎಂದು ಕೈ ಮುಗಿಯುತ್ತಿದ್ದರು. ನಮ್ಮಲ್ಲಿ ಅದು ನಮಸ್ಕಾರವೂ ಹೌದು, ದೇವರಿಗೆ ಹೇಳುವ ಥ್ಯಾಂಕ್ಸೂ ಹೌದು. ಮೂವತ್ತು ವರ್ಷ ಅವರ ಬಾಯಲ್ಲಿ ಎಷ್ಟು ಸಾವಿರ ಸಲ ಆ ಪದ ಬಂದಿತ್ತೋ.

2022ರ ನವೆಂಬರಿನ ಒಂದು ಬೆಳಿಗ್ಗೆ ಐದೂವರೆಗೆ ಎದ್ದವರು ಬಲಗೈ ಜೋಮು ಹಿಡಿದಿದೆ ಅಂದರು. ಕೈ ಮೇಲೆ ಮಲಗಿದ್ದಿರಬೇಕು ಅಂದುಕೊಂಡೆ. ಎಣ್ಣೆ ಕಾಯಿಸಿ ತಿಕ್ಕಿದೆ. ಸ್ವಲ್ಪ ಹೊತ್ತು ಮಲಗಿ ಎಂದು ಹೇಳಿ ಶಾಲೆಗೆ ಹೋದೆ. ಮಧ್ಯಾಹ್ನ ಮಗಳ ಫೋನ್ ಬಂತು. ಅಪ್ಪನ ಬಾಯಿ ಸೊಟ್ಟಗಾಗಿದೆ, ಮಾತು ಬರುತ್ತಿಲ್ಲ. ಲಕ್ವ ಹೊಡೆದಿತ್ತು. ಮೆದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಅದನ್ನು ಕರಗಿಸುವ ಇಂಜೆಕ್ಷನ್ ಇದೆಯಂತೆ. ಆದರೆ ಲಕ್ಷಣ ಶುರುವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ನಾವು ಆಸ್ಪತ್ರೆ ಮುಟ್ಟಿದಾಗ ಆ ಹೊತ್ತು ಮೀರಿತ್ತು. ನಾನು ಎಣ್ಣೆ ಕಾಯಿಸಿದ ಆ ಸಣ್ಣ ಬಟ್ಟಲನ್ನು ಎಷ್ಟೋ ತಿಂಗಳು ನೋಡಲಾರದೆ ಅಟ್ಟದ ಮೇಲೆ ಇಟ್ಟಿದ್ದೆ. ಇದನ್ನು ಓದುವವರಲ್ಲಿ ಒಂದು ಮಾತು ಕೇಳಿಕೊಳ್ಳುತ್ತೇನೆ. ಯಾರದಾದರೂ ಬಾಯಿ ಒಂದು ಕಡೆ ಎಳೆದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಎಣ್ಣೆ ಹುಡುಕಬೇಡಿ. 108ಕ್ಕೆ ಫೋನ್ ಮಾಡಿ.

ಮೂರನೇ ದಿನ ಇವರ ಬಾಯಿಂದ ಮೊದಲ ಮಾತು ಬಂತು. "ಸ್ತೋತ್ರ."

ಪಾಸ್ಟರ್ ಪಕ್ಕದಲ್ಲೇ ಇದ್ದರು. ಅವರ ಕಣ್ಣಲ್ಲಿ ನೀರು ಬಂತು. ನಾನೂ ಅತ್ತೆ. ಇಂಥ ಹೊತ್ತಲ್ಲೂ ನನ್ನ ಗಂಡ ದೇವರನ್ನು ಮರೆತಿಲ್ಲ ಅಂತ ಎದೆ ತುಂಬಿತು. ಐದು ನಿಮಿಷ ಆಗಿರಲಿಲ್ಲ. ಇವರು ನೀರಿನ ಬಾಟಲಿ ಕಡೆ ನೋಡಿ ಮತ್ತೆ "ಸ್ತೋತ್ರ" ಅಂದರು. ಆಮೇಲೆ ಬೆನ್ನು ನೋಯುತ್ತಿದೆ ಎಂದು ಸನ್ನೆ ಮಾಡುತ್ತಾ "ಸ್ತೋತ್ರ". ಸಂಜೆ ನನಗೆ ಅರ್ಥವಾಗದೆ ಹೋದಾಗ ಸಿಟ್ಟಿಗೆ ದಿಂಬನ್ನು ನೂಕಿ "ಸ್ತೋತ್ರ! ಸ್ತೋತ್ರ!" ಎಂದು ಕೂಗಿದರು. ಆಗ ಗೊತ್ತಾಯಿತು, ಅವರಿಗೆ ಉಳಿದಿದ್ದ ಮಾತು ಅದೊಂದೇ.

ಮಾತಿನ ಥೆರಪಿ ಮಾಡಲು ಬಂದ ಹುಡುಗಿ ನಮಗೆ ತಾಳ್ಮೆಯಿಂದ ಬಿಡಿಸಿ ಹೇಳಿದಳು. ಹೆಚ್ಚಿನವರಿಗೆ ಮಾತಿನ ಕೆಲಸ ಮೆದುಳಿನ ಎಡಭಾಗದಲ್ಲಿ ನಡೆಯುತ್ತದೆ. ಅಲ್ಲಿ ಪೆಟ್ಟಾದರೆ ಬಲಗೈ ಬಲಗಾಲಿನ ಜೊತೆಗೆ ಮಾತೂ ಹೋಗಬಹುದು. ಇದಕ್ಕೆ ಅಫೇಸಿಯಾ ಅನ್ನುತ್ತಾರೆ. ಬುದ್ಧಿ ಹೋಗಿರುವುದಿಲ್ಲ, ಪದ ಸಿಗುವುದಿಲ್ಲ, ಅಷ್ಟೇ. ಕೆಲವರಿಗೆ ಒಂದೇ ಪದ ಉಳಿದು ಎಲ್ಲದಕ್ಕೂ ಅದೇ ಬರುತ್ತದೆ. ಫ್ರಾನ್ಸಿನಲ್ಲಿ ಪಾಲ್ ಬ್ರೋಕಾ ಎಂಬ ಡಾಕ್ಟರ್ 1861ರಲ್ಲಿ ಇಂಥ ಒಬ್ಬ ರೋಗಿಯ ಬಗ್ಗೆ ಬರೆದಿದ್ದರಂತೆ. ಏನು ಕೇಳಿದರೂ ಆತ ಹೇಳುತ್ತಿದ್ದದ್ದು "ತಾನ್" ಎಂಬ ಒಂದೇ ಶಬ್ದ. ಬಾಯಿಪಾಠ ಆಗಿಹೋದ ಮಾತು, ಎಣಿಕೆ, ಪ್ರಾರ್ಥನೆ, ಹಾಡು ಇವು ಒಮ್ಮೊಮ್ಮೆ ಉಳಿಯುತ್ತವೆ ಅಂತಲೂ ಹೇಳಿದಳು. ಈ ಕೆಲಸಕ್ಕೇ ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ ಎಂದು ನನಗೆ ಆಗಲೇ ತಿಳಿದದ್ದು.

ಅವಳು ಹೋದ ಮೇಲೆ ಕಾರಿಡಾರಿನಲ್ಲಿ ಒಬ್ಬಳೇ ಕೂತಿದ್ದೆ. ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲಿಂದ ಶುರುವಾಗುತ್ತದೆ. ಹೌದು, ಸಿಟ್ಟು ಬಂತು. ಬಹಳ ಬಂತು. ಸಾಕ್ಷಿ ಅಂದುಕೊಂಡಿದ್ದು ರೋಗದ ಲಕ್ಷಣ ಅಂತ ಗೊತ್ತಾದಾಗ, ಆ ಒಂದು ಸಮಾಧಾನವನ್ನೂ ನನ್ನಿಂದ ಕಿತ್ತುಕೊಂಡ ಹಾಗಾಯಿತು. ಆ ರಾತ್ರಿ ನಾನು ಮಾಡಿದ ಪ್ರಾರ್ಥನೆಯಲ್ಲಿ ಒಂದು ಒಳ್ಳೇ ಮಾತೂ ಇರಲಿಲ್ಲ.

ಮನೆಗೆ ಬಂದ ಮೇಲೆ ನೋಡಲು ಬಂದವರು ಜಾಸ್ತಿ. ಕೆಲವರು ನೋಯಿಸಿ ಹೋದರು. ಯಾವುದೋ ಪಾಪ ಇರಬೇಕು, ಹುಡುಕಿ ಅರಿಕೆ ಮಾಡಿ ಅಂದರು. ಕಣ್ಣೀರು ಹಾಕಬೇಡಿ, ಅಳುವುದು ಅಪನಂಬಿಕೆ ಅಂದರು. ಅದು ಸರಿಯಲ್ಲ ಎಂದು ಈಗ ಧೈರ್ಯವಾಗಿ ಹೇಳುತ್ತೇನೆ. ಬೈಬಲಿನಲ್ಲಿ ಕಷ್ಟದ ಮೇಲೆ ಕಷ್ಟ ಬಂದ ಯೋಬ ಎಂಬವನ ಕಥೆ ಇದೆ. ಅವನ ಗೆಳೆಯರು ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ನೆ ಕೂತಿದ್ದರು. ಅವರು ಮಾಡಿದ ಒಳ್ಳೇ ಕೆಲಸ ಅದೊಂದೇ. ಆಮೇಲೆ ಬಾಯಿ ತೆರೆದು ನಿನ್ನ ಪಾಪವೇ ಕಾರಣ ಅನ್ನತೊಡಗಿದರು. ಕೊನೆಗೆ ದೇವರು ಸಿಟ್ಟಾದದ್ದು ಆ ಗೆಳೆಯರ ಮೇಲೆ. ಅಷ್ಟು ಗೋಳಾಡಿದ ಯೋಬನೇ ಅವರಿಗಾಗಿ ಪ್ರಾರ್ಥನೆ ಮಾಡಬೇಕಾಯಿತು. ಸತ್ತುಹೋದ ಗೆಳೆಯ ಲಾಜರನ ಸಮಾಧಿಯ ಹತ್ತಿರ ಯೇಸು ಕಣ್ಣೀರು ಬಿಟ್ಟನು. ಇನ್ನೂ ಸ್ವಲ್ಪ ಹೊತ್ತಿಗೆ ಲಾಜರನನ್ನು ಎಬ್ಬಿಸುವವನೇ ಅತ್ತಮೇಲೆ ನಾವು ಅಳಬಾರದು ಅಂದರೆ ಹೇಗೆ?

ನಾನು ಕನ್ನಡ ಟೀಚರ್. ಮಕ್ಕಳಿಗೆ ವಿಭಕ್ತಿ ಪ್ರತ್ಯಯ ಹೇಳಿಕೊಡುತ್ತಾ ಬಂದವಳು. ಒಂದು ದಿನ ಬೈಬಲಿನಲ್ಲಿ, ಯೇಸುವಿನ ಮಾತು ಸಾರುತ್ತಾ ತಿರುಗಿದ ಪೌಲ ಥೆಸಲೋನಿಕದವರಿಗೆ ಬರೆದ ಮೊದಲನೇ ಪತ್ರದಲ್ಲಿ ಐದನೇ ಅಧ್ಯಾಯ ಓದುವಾಗ ಒಂದು ಪ್ರತ್ಯಯದ ಮೇಲೆ ಕಣ್ಣು ನಿಂತಿತು. ನಮ್ಮ ಕನ್ನಡ ಬೈಬಲ್ ಸತ್ಯವೇದದಲ್ಲಿ "ಎಲ್ಲಾದರಲ್ಲಿಯೂ ಕೃತಜ್ಞತಾಸ್ತುತಿ ಮಾಡಿರಿ" ಎಂದಿದೆ. ಎಲ್ಲಾದರಲ್ಲಿ. ಸಪ್ತಮೀ ವಿಭಕ್ತಿ. "ಎಲ್ಲದಕ್ಕೆ" ಅಂತ ಚತುರ್ಥಿ ಹಾಕಿಲ್ಲ. ಲಕ್ವಕ್ಕೆ ಸ್ತೋತ್ರ ಹೇಳು ಎಂದು ಈ ವಚನ ನನ್ನನ್ನು ಕೇಳುತ್ತಿಲ್ಲ. ಲಕ್ವ ಬಂದ ಈ ಮನೆಯಲ್ಲಿ, ಈ ಮಂಚದ ಪಕ್ಕದಲ್ಲಿ, ಸಾಲದ ಕಂತಿನ ಮಧ್ಯದಲ್ಲಿ ಹೇಳು ಅನ್ನುತ್ತಿದೆ. ಎಫೆಸದವರಿಗೆ ಬರೆದ ಪತ್ರದಲ್ಲಿ ಎಲ್ಲಾ ಕಾರ್ಯಗಳಿಗೋಸ್ಕರ ಸ್ತೋತ್ರ ಮಾಡಿ ಅಂತಲೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಆ ಮೆಟ್ಟಿಲನ್ನು ನಾನು ಇನ್ನೂ ಹತ್ತಿಲ್ಲ. ಹತ್ತಿದವರ ಹಾಗೆ ನಟಿಸುವುದೂ ಇಲ್ಲ. ಸಪ್ತಮಿಯೇ ಸದ್ಯಕ್ಕೆ ನನಗೆ ಸಾಕಷ್ಟು ಕೆಲಸ ಕೊಟ್ಟಿದೆ.

2023 ಬರದ ವರ್ಷ. ಸರ್ಕಾರ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿತ್ತು. 186 ಅಡಿಯ ಭದ್ರಾ ಡ್ಯಾಂ ಆ ವರ್ಷ ತುಂಬಲಿಲ್ಲ. ನಾಲೆ ನೀರಿಗಾಗಿ ನಮ್ಮ ಭಾಗದ ರೈತರು ರಸ್ತೆಗೆ ಇಳಿದಿದ್ದರು. ಅಂಥ ವರ್ಷ ನಮ್ಮ ಸಭೆಯ ಸುಗ್ಗಿ ಹಬ್ಬ ಬಂತು. ಒಳ್ಳೇ ವರ್ಷಗಳಲ್ಲಿ ಅವತ್ತು ಪೀಠದ ಮುಂದೆ ಜಾಗವೇ ಇರುತ್ತಿರಲಿಲ್ಲ. ಭತ್ತದ ಚೀಲ, ಕುಂಬಳಕಾಯಿ, ಬಾಳೆಗೊನೆ, ತೆಂಗಿನಕಾಯಿ, ಕಾಲು ಕಟ್ಟಿದ ಕೋಳಿ. ಆರಾಧನೆ ಮುಗಿದ ಮೇಲೆ ಹರಾಜು. ಆ ಸಲ ಅರ್ಧ ಮೇಜೂ ತುಂಬಿರಲಿಲ್ಲ. ಜಗಳೂರು ಕಡೆಯ ಒಬ್ಬರು ಟವೆಲ್ಲಿನಲ್ಲಿ ನಾಲ್ಕು ಮೆಕ್ಕೆಜೋಳದ ತೆನೆ ಸುತ್ತಿಕೊಂಡು ಬಂದಿದ್ದರು. ಅರ್ಧ ಮಾತ್ರ ಕಾಳು ಕಟ್ಟಿದ ತೆನೆಗಳು. ಅದನ್ನು ಇಡುವಾಗ ಅವರಿಗೆ ನಾಚಿಕೆ ಆಗುತ್ತಿತ್ತು, ನೋಡಿದರೇ ತಿಳಿಯುತ್ತಿತ್ತು.

ಪಾಸ್ಟರ್ ಬೈಬಲಿನಲ್ಲಿ ಪ್ರವಾದಿ ಹಬಕ್ಕೂಕನ ಪುಸ್ತಕ ತೆಗೆದರು. ಅಂಜೂರ ಚಿಗುರದಿದ್ದರೂ, ಹೊಲ ಅನ್ನ ಕೊಡದಿದ್ದರೂ, ಕೊಟ್ಟಿಗೆಯಲ್ಲಿ ದನ ಇಲ್ಲದಿದ್ದರೂ ನಾನು ಯೆಹೋವನಲ್ಲಿ ಉಲ್ಲಾಸಪಡುತ್ತೇನೆ ಎಂಬ ಭಾಗ ಎಲ್ಲರಿಗೂ ಗೊತ್ತು. ಕ್ಯಾಲೆಂಡರಿನಲ್ಲೂ ಅದನ್ನೇ ಅಚ್ಚು ಹಾಕುತ್ತಾರೆ. ಅವತ್ತು ಪಾಸ್ಟರ್ ಮೊದಲ ಅಧ್ಯಾಯದಿಂದ ಓದಿದರು. ಆ ಪುಸ್ತಕ ಶುರುವಾಗುವುದೇ ದೂರಿನಿಂದ. ದೇವರೇ, ನಾನು ಇನ್ನೆಷ್ಟು ಕಾಲ ಕೂಗಲಿ, ನೀನು ಕೇಳುತ್ತಿಲ್ಲವಲ್ಲ! ಮೂರೇ ಅಧ್ಯಾಯದ ಸಣ್ಣ ಪುಸ್ತಕ ಅದು. ಮೂರನೇ ಅಧ್ಯಾಯದ ಆ ಉಲ್ಲಾಸಕ್ಕೆ ಹೋಗುವ ದಾರಿ ಮೊದಲನೇ ಅಧ್ಯಾಯದ ಆ ಜಗಳದ ಮೂಲಕವೇ ಇದೆ. ಹಬಕ್ಕೂಕ ಅಲ್ಲಿಗೆ ಮುಟ್ಟಿದಾಗಲೂ ಅಂಜೂರ ಚಿಗುರಿರಲಿಲ್ಲ. ಅವನ ನಾಡಿನ ಮೇಲೆ ಶತ್ರು ದಂಡೆತ್ತಿ ಬರುವುದೂ ತಪ್ಪಿರಲಿಲ್ಲ. ಆದರೆ ದೂರಿದ್ದೂ ದೇವರ ಹತ್ತಿರವೇ, ಹಾಡಿದ್ದೂ ದೇವರ ಹತ್ತಿರವೇ. ಮುಖ ತಿರುಗಿಸಿಕೊಂಡು ಹೋಗಲಿಲ್ಲ. ನನ್ನ ಕಾರಿಡಾರಿನ ಪ್ರಾರ್ಥನೆ ನನಗೆ ನೆನಪಾಯಿತು. ಅದೂ ಒಂದು ಮೊದಲನೇ ಅಧ್ಯಾಯವೇ ಅಲ್ವಾ ಅನಿಸಿತು.

ಆಮೇಲೆ ಹಾಡು ಎತ್ತಿಕೊಂಡರು. ನಮ್ಮ ಹಿರಿಯರ ಕಾಲದಿಂದ ಹಾಡಿಕೊಂಡು ಬಂದ ಹಳೇ ಗೀತೆ. ಎರಡನೇ ಸಾಲಿಗೆ ನನ್ನ ಪಕ್ಕದಿಂದ ಒಂದು ದನಿ ಬಂತು. ಒಡಕು ದನಿ, ನಿಧಾನ. ಪದಗಳು ಮಾತ್ರ ಸರಿಯಾಗಿದ್ದವು. ಒಂದಲ್ಲ, ಸಾಲು ಸಾಲು ಪದ. ಹನ್ನೊಂದು ತಿಂಗಳು "ನೀರು" ಅನ್ನಲಾಗದವರು, ನನ್ನ ಹೆಸರು ಹೇಳಲಾಗದವರು ಪೂರ್ತಿ ಚರಣ ಹಾಡುತ್ತಿದ್ದರು. ನನ್ನ ದನಿ ನಿಂತೇ ಹೋಯಿತು. ಮುಂದಿನ ಸಾಲಿನವರು ಒಬ್ಬೊಬ್ಬರೇ ತಿರುಗಿ ನೋಡಿದರು. ಹಾಡು ಮುಗಿಯಿತು. ಇವರು ನನ್ನ ಕಡೆ ನೋಡಿ ಏನೋ ಹೇಳಲು ಹೋದರು. ಬಂದದ್ದು ಮತ್ತೆ "ಸ್ತೋತ್ರ".

ಇದನ್ನು ಪವಾಡ ಅಂತ ನಾನು ಯಾರಿಗೂ ಹೇಳಿಲ್ಲ. ಹಾಡು ಉಳಿಯಬಹುದು ಎಂದು ಆ ಹುಡುಗಿ ಮೊದಲೇ ಹೇಳಿದ್ದಳಲ್ಲ. ಆದರೆ ಮೆದುಳನ್ನು ಹಾಗೆ ಮಾಡಿದವನು ಯಾರು? ಮಾತು ಹೋದರೂ ಹಾಡಿಗೆ ಬೇರೆ ಜಾಗ ಇಟ್ಟವನು ಯಾರು? ಅವತ್ತು ನಾನು ಬಾಯಿ ತುಂಬಾ ಸ್ತೋತ್ರ ಹೇಳಿದೆ. ಹೇಳಬೇಕು ಅಂತ ಹೇಳಿದ್ದಲ್ಲ, ತಡೆಯಲಾರದೆ ಬಂದಿತ್ತು. ಹರಾಜಿನಲ್ಲಿ ಆ ನಾಲ್ಕು ತೆನೆ ಐನೂರು ರೂಪಾಯಿಗೆ ಹೋದವು. ತೆನೆ ತಂದವರು ಗೋಡೆ ಕಡೆ ಮುಖ ಮಾಡಿ ಕಣ್ಣು ಒರೆಸಿಕೊಂಡರು.

ಸಂತೋಷದ ಗುಟ್ಟು ಕೇಳುವವರಿಗೆ ನಾನು ಫಿಲಿಪ್ಪಿಯವರಿಗೆ ಬರೆದ ಪತ್ರ ಓದಿ ಎನ್ನುತ್ತೇನೆ. ಪೌಲ ಬೇಡಿಯಲ್ಲಿದ್ದುಕೊಂಡು ಬರೆದದ್ದು. ಸಂತೋಷಪಡಿರಿ ಎಂದು ಮತ್ತೆ ಮತ್ತೆ ಹೇಳುತ್ತಾನೆ. ಅದೇ ಪತ್ರದ ಎರಡನೇ ಅಧ್ಯಾಯದಲ್ಲಿ ಎಪಫ್ರೊದೀತ ಎಂಬ ಗೆಳೆಯ ಕಾಯಿಲೆ ಬಿದ್ದು ಸಾಯುವ ಹಾಗಿದ್ದ ವಿಷಯ ಬರುತ್ತದೆ. ದೇವರು ಅವನನ್ನು ಕರುಣಿಸಿದನು, ನನಗೆ ದುಃಖದ ಮೇಲೆ ದುಃಖ ಬರಬಾರದೆಂದು ನನ್ನನ್ನೂ ಕರುಣಿಸಿದನು ಅನ್ನುತ್ತಾನೆ ಪೌಲ. ನೋಡಿ, ಒಂದು ದುಃಖ ಆಗಲೇ ಇತ್ತು. ಅದನ್ನು ಅವನು ಮುಚ್ಚಲಿಲ್ಲ. ಗೆಳೆಯ ಸತ್ತಿದ್ದರೆ ಅಳುತ್ತಿದ್ದ. ಇನ್ನು ನಾಲ್ಕನೇ ಅಧ್ಯಾಯದಲ್ಲಿ, ಯಾವ ಸ್ಥಿತಿಯಲ್ಲಿದ್ದರೂ ಸಂತೃಪ್ತನಾಗಿರುವುದನ್ನು ಕಲಿತುಕೊಂಡಿದ್ದೇನೆ ಅನ್ನುತ್ತಾನೆ. ಕಲಿತದ್ದು. ಅಂದರೆ ಒಂದು ಕಾಲಕ್ಕೆ ಬರುತ್ತಿರಲಿಲ್ಲ. ಮೂವತ್ತು ವರ್ಷ ಪಾಠ ಮಾಡಿದವಳಿಗೆ ಆ ಪದ ಎಷ್ಟು ಧೈರ್ಯ ಕೊಡುತ್ತದೆ ಗೊತ್ತಾ! ಕಲಿಯುವವರು ತಪ್ಪು ಮಾಡುತ್ತಾರೆ. ಅಳಿಸಿ ಮತ್ತೆ ಬರೆಯುತ್ತಾರೆ.

ನಾನು ಕಲಿಯುತ್ತಿರುವ ಪಾಠ ಇದು. ಇವರ ಒಂದೊಂದು ಸ್ತೋತ್ರವನ್ನೂ ಬಿಡಿಸಿ ಕೇಳುವುದು. ಗಿಡ್ಡವಾಗಿ, ಕೊನೆಗೆ ದನಿ ಏರಿದರೆ ಬಾಯಾರಿಕೆ. ಎಳೆದು ಹೇಳಿದರೆ ಕಾಲು ಸೆಳೆತ. ಮೊಮ್ಮಗು ಬಂದಾಗ ಹೇಳುವುದು ಹಾಡಿನ ಹಾಗೆ ಇರುತ್ತದೆ. ರಾತ್ರಿ ನಿದ್ದೆ ಬಾರದೆ ಗೋಡೆ ನೋಡುತ್ತಾ ಮೆಲ್ಲಗೆ ಹೇಳುವ ಒಂದು ಸ್ತೋತ್ರ ಇದೆ. ಅದು ಅಳು. ಆಗ ನಾನು ಲೈಟ್ ಹಾಕುವುದಿಲ್ಲ, ಸುಮ್ನೆ ಕೈ ಹಿಡಿದುಕೊಳ್ಳುತ್ತೇನೆ. ನಮಗೆ ಹೇಗೆ ಬೇಡಬೇಕೋ ಗೊತ್ತಾಗದಾಗ ಪವಿತ್ರಾತ್ಮನೇ ಮಾತಿಲ್ಲದ ನರಳಾಟದಿಂದ ನಮ್ಮ ಪರವಾಗಿ ಬೇಡಿಕೊಳ್ಳುತ್ತಾನೆ ಎಂದು ರೋಮಾಪುರದವರಿಗೆ ಬರೆದ ಪತ್ರದಲ್ಲಿದೆ. ಮೊದಲು ಅದು ನನಗೆ ಬಾಯಿಪಾಠದ ವಚನವಾಗಿತ್ತು. ಈಗ ಆ ಕತ್ತಲಲ್ಲಿ ಕೂತು ಕೇಳುತ್ತೇನೆ. ಹಸಿವು, ನೋವು, ಸಿಟ್ಟು, ಖುಷಿ ಎಲ್ಲ ಒಂದೇ ಪದದೊಳಗೆ ಇಟ್ಟು ಇವರು ಹೇಳಿದ್ದು ನನಗೇ ಅರ್ಥವಾಗುತ್ತದೆ ಅಂದಮೇಲೆ ದೇವರಿಗೆ ಅರ್ಥವಾಗದೆ ಇರುತ್ತದಾ? ಈಗ ನಾನು ಹೇಳುವ ಸ್ತೋತ್ರವೂ ಅದೇ ಥರದ್ದು. ಅದರಲ್ಲಿ ದೂರೂ ಇದೆ, ಥ್ಯಾಂಕ್ಸೂ ಇದೆ. ಯಾವುದು ಎಷ್ಟು ಎಂದು ಆತ ಬಿಡಿಸಿಕೊಳ್ಳುತ್ತಾನೆ.

ಎಣ್ಣೆ ಬಟ್ಟಲನ್ನು ಹೋದ ವರ್ಷ ಅಟ್ಟದಿಂದ ಇಳಿಸಿದೆ. ಒಗ್ಗರಣೆಗೆ ಬಳಸುತ್ತಿದ್ದೇನೆ.

ಪಕ್ಕದ ಮನೆಯಲ್ಲಿ ನನಗಿಂತ ಹಿರಿಯ ಒಬ್ಬ ಅಕ್ಕ ಇದ್ದಾರೆ. ದಿನಾ ವಿಭೂತಿ ಹಚ್ಚಿಕೊಂಡು ಲಿಂಗಪೂಜೆ ಮಾಡಿಯೇ ತಿಂಡಿ ತಿನ್ನುವವರು. "ಸಿಟ್ಟು ಬರಲ್ವಾ ಟೀಚರ್?" ಎಂದು ನನ್ನನ್ನು ಮೊಟ್ಟಮೊದಲು ಕೇಳಿದವರು ಅವರೇ. ಮೊನ್ನೆ ಭಾನುವಾರ ನಾನು ಒಳಗೆ ಮಂಡಕ್ಕಿ ತೋಯಿಸಿಟ್ಟು ಈರುಳ್ಳಿ ಹೆಚ್ಚುತ್ತಿದ್ದೆ. ಹೊರಗೆ ಕಟ್ಟೆ ಮೇಲೆ ಇವರ ದನಿ ಕೇಳಿತು. ಎದ್ದು ಹೋಗುವಷ್ಟರಲ್ಲಿ ಕಾಂಪೌಂಡ್ ಆಚೆಯಿಂದ ಅಕ್ಕ ಕೂಗಿದರು.

"ಟೀಚರ್, ಅಣ್ಣ ಸ್ತೋತ್ರ ಅಂತಿದಾರೆ. ನೀರಿಗೆ ಇರಬೇಕು. ನೀವು ಅಡಿಗೆ ನೋಡ್ಕಳಿ, ನಾನೇ ತಂದುಕೊಡ್ತೀನಿ."

ಅದು ನೀರಿನ ಸ್ತೋತ್ರವೇ ಆಗಿತ್ತು.