ನಲವತ್ತೆಂಟರ ಮಗ್ಗಿ

ನಾನು ನಿವೃತ್ತನಾಗುವುದಕ್ಕೆ ಎರಡು ವರ್ಷ ಮೊದಲಿನ ಮಾತು. ಆಳಂದ ತಾಲ್ಲೂಕಿನಲ್ಲಿ ಮಹಾರಾಷ್ಟ್ರದ ಗಡಿಗೆ ಹತ್ತಿಕೊಂಡಿರುವ ಊರೊಂದರ ಸರ್ಕಾರಿ ಶಾಲೆಯಲ್ಲಿ ಐದನೆಯ ತರಗತಿಗೆ ಗುಣಾಕಾರ ಕಲಿಸುತ್ತಿದ್ದೆ. ಹದಿಮೂರರ ಮಗ್ಗಿಗೇ ತಡವರಿಸುವ ತರಗತಿ ಅದು. ನಲವತ್ತೆಂಟನ್ನು ಮೂರರಿಂದ ಗುಣಿಸಿರಿ ಎಂದು ಕರಿಹಲಗೆಯ ಮೇಲೆ ಬರೆದು ಸೀಮೆಸುಣ್ಣವನ್ನು ಇನ್ನೂ ಕೆಳಗಿಟ್ಟಿರಲಿಲ್ಲ, ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹುಡುಗನೊಬ್ಬ "ನೂರಾ ನಲವತ್ನಾಕು ಸರ್" ಎಂದುಬಿಟ್ಟ. ಐದರಿಂದ ಗುಣಿಸಿದರೆ ಎಷ್ಟು ಎಂದು ಕೇಳಿದೆ. "ಎರಡನೂರಾ ನಲವತ್ತು." ಇದನ್ನು ಎಲ್ಲಿ ಕಲಿತೆಯೋ ಎಂದಾಗ ಅವನು ಯಾವ ಅಳುಕೂ ಇಲ್ಲದೆ ಹೇಳಿದ: "ಬಾಕ್ಸಿಗಿ ನಲವತ್ತೆಂಟು ಕ್ವಾಟರ್ ಇರ್ತಾವ್ರಿ ಸರ್. ನಮ್ಮ ಕಾಕಾನ ಅಂಗಡ್ಯಾಗ ನಾನೇ ಎಣಿಸಿ ಇಡ್ತೀನಿ." ತರಗತಿಯಲ್ಲಿ ಯಾರೂ ನಗಲಿಲ್ಲ. ಉಳಿದ ಮಕ್ಕಳಿಗೂ ಅದು ಅಂಗಡಿಯಲ್ಲಿ ಸಕ್ಕರೆ ತೂಗುವಷ್ಟೇ ಸಹಜವಾದ ಸಂಗತಿಯಾಗಿತ್ತು.

ಆ ಊರಿನಲ್ಲಿ ಪರವಾನಗಿ ಪಡೆದ ಒಂದೇ ಒಂದು ಮದ್ಯದಂಗಡಿಯೂ ಇರಲಿಲ್ಲ, ಈಗಲೂ ಇಲ್ಲ. ಸರ್ಕಾರದ ದಾಖಲೆಗಳ ಪ್ರಕಾರ ಅದು ಮದ್ಯ ಮಾರಾಟವೇ ಇಲ್ಲದ ಊರು. ವಾಸ್ತವದಲ್ಲಿ ಎರಡು ಕಿರಾಣಿ ಅಂಗಡಿಗಳಲ್ಲಿ ಮತ್ತು ಒಂದು ಚಹಾ ಹೋಟೆಲಿನಲ್ಲಿ, ಬೆಳಗಿನ ಆರು ಗಂಟೆಗೆ ಹೋದರೂ ರಾತ್ರಿ ಹನ್ನೊಂದಕ್ಕೆ ಬಾಗಿಲು ತಟ್ಟಿದರೂ ಮದ್ಯದ ಪಾಕೀಟು ಸಿಗುತ್ತದೆ. ಪಾಕೀಟಿನ ಮೇಲೆ ಮುದ್ರಿಸಿದ ಬೆಲೆಗಿಂತ ಹತ್ತಿಪ್ಪತ್ತು ರೂಪಾಯಿ ಹೆಚ್ಚು ಕೊಡಬೇಕು, ಅಷ್ಟೇ. ಆ ಪಾಕೀಟುಗಳು ಪಟ್ಟಣದ ವೈನ್ ಶಾಪಿನಿಂದ ದ್ವಿಚಕ್ರ ವಾಹನದ ಮೇಲೆ, ಚಾಲಕನ ಎರಡು ಕಾಲುಗಳ ನಡುವೆ ಕುಳಿತು, ಬಾಕ್ಸಿನ ಮೇಲೆ ಒಂದು ಗೋಣಿಚೀಲ ಹೊದ್ದುಕೊಂಡು ಬರುತ್ತವೆ. ಈ ಬರಹದ ವಿಷಯ ಆ ಬಾಕ್ಸು.

ನಮ್ಮ ರಾಜ್ಯದಲ್ಲಿ ಸಿ.ಎಲ್.-2 ಎಂಬ ಪರವಾನಗಿ ಇರುವ ಚಿಲ್ಲರೆ ಅಂಗಡಿಯವರು ಮುಚ್ಚಳ ತೆಗೆಯದ ಬಾಟಲಿಯನ್ನು ಮಾತ್ರ ಮಾರಬೇಕು, ಅಲ್ಲಿಯೇ ಕುಡಿಯಲು ಅವಕಾಶ ಕೊಡಬಾರದು. ಕುಳಿತು ಕುಡಿಯುವುದಕ್ಕೆ ಸಿ.ಎಲ್.-9 ಪರವಾನಗಿಯ ಬಾರ್ ಮತ್ತು ರೆಸ್ಟೋರೆಂಟುಗಳು ಬೇರೆ ಇವೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಸಿ.ಎಲ್.-2 ಪೂರ್ತಿಯಾಗಿ ಪಾರ್ಸೆಲ್ ವ್ಯಾಪಾರ. ಆದರೆ ಪಾರ್ಸೆಲ್ ಒಯ್ಯುವವನು ಒಂದು ಬಾಟಲಿ ಒಯ್ಯುತ್ತಾನೆಯೋ, ನಾಲ್ಕು ಊರಿಗೆ ಸಾಲುವಷ್ಟು ಒಯ್ಯುತ್ತಾನೆಯೋ ಎಂಬುದನ್ನು ಗಲ್ಲೆಯ ಮೇಲೆ ಕುಳಿತವನು ನೋಡಬೇಕಾಗುತ್ತದೆ, ಮತ್ತು ಆ ಗಲ್ಲೆಯ ಲಾಭವಿರುವುದೇ ನೋಡದಿರುವುದರಲ್ಲಿ.

ನೋಡಬೇಕೆಂಬ ನಿಯಮವೇನೋ ಇದೆ. 2020ರ ಮೇ 4ರಂದು, ಲಾಕ್‌ಡೌನಿನ ಸುಮಾರು ನಲವತ್ತು ದಿನಗಳ ನಂತರ, ರಾಜ್ಯದಲ್ಲಿ ಮದ್ಯದಂಗಡಿಗಳು ಮತ್ತೆ ತೆರೆದಾಗ ಬೆಂಗಳೂರಿನ ಅಂಗಡಿಯೊಂದರ 52,841 ರೂಪಾಯಿಯ ಬಿಲ್ಲು ಎಲ್ಲರ ಮೊಬೈಲಿನಲ್ಲಿ ಹರಿದಾಡಿದ್ದು ಹಲವರಿಗೆ ನೆನಪಿರಬಹುದು. ಆಗ ಅಬಕಾರಿ ಇಲಾಖೆ ಆ ಅಂಗಡಿಯ ಮೇಲೆ ಪ್ರಕರಣ ದಾಖಲಿಸಿತು. ಒಬ್ಬ ಗ್ರಾಹಕನಿಗೆ ದಿನಕ್ಕೆ 2.6 ಲೀಟರ್ ಮದ್ಯ ಅಥವಾ 18 ಲೀಟರ್ ಬಿಯರ್‌ಗಿಂತ ಹೆಚ್ಚು ಮಾರಬಾರದು ಎಂಬ ಮಿತಿ ಆ ನೆಪದಲ್ಲಿ ಪತ್ರಿಕೆಗಳಲ್ಲಿ ಪ್ರಕಟವಾಯಿತು. ಎಂಟು ಜನ ಒಟ್ಟಿಗೆ ಕೊಂಡು ಒಂದೇ ಕಾರ್ಡಿನಲ್ಲಿ ಹಣ ಕೊಟ್ಟರೆಂದು ಅಂಗಡಿಯವರು ಸಮಜಾಯಿಷಿ ಹೇಳಿದ್ದರು. ನನಗೆ ಆಗ ನೆನಪಾದದ್ದು ನಲವತ್ತೆಂಟರ ಮಗ್ಗಿ. ನೂರೆಂಬತ್ತು ಮಿಲಿಲೀಟರಿನ ಕ್ವಾರ್ಟರ್ ನಲವತ್ತೆಂಟಾದರೆ 8.64 ಲೀಟರ್ ಆಗುತ್ತದೆ, ಅಂದರೆ ಆ ಮಿತಿಯ ಮೂರು ಪಟ್ಟಿಗಿಂತ ಹೆಚ್ಚು. ಮಿತಿಯನ್ನು ಅಕ್ಷರಶಃ ಪಾಲಿಸಿದರೆ ಒಬ್ಬನಿಗೆ ಹದಿನಾಲ್ಕು ಕ್ವಾರ್ಟರ್ ಕೊಡಬಹುದು, ಒಡೆಯದ ಒಂದು ಬಾಕ್ಸನ್ನು ಮಾತ್ರ ಯಾವ ಗ್ರಾಹಕನಿಗೂ ಕೊಡುವಂತಿಲ್ಲ. ಹೀಗಿದ್ದೂ ನಮ್ಮ ಊರಿಗೆ ಬಾಕ್ಸು ದಿನ ಬಿಟ್ಟು ದಿನ ಬರುತ್ತಿತ್ತು, ಮತ್ತು ಐದನೆಯ ತರಗತಿಯ ಹುಡುಗ ಅದನ್ನು ಎಣಿಸಿ ಇಡುತ್ತಿದ್ದ.

ಮದ್ಯದ ವಿಷಯ ಬಂದಾಗಲೆಲ್ಲ ನಮ್ಮಲ್ಲಿ ಎರಡೇ ಮಾತುಗಳು ಕೇಳಿಸುತ್ತವೆ: ಪೂರ್ತಿ ನಿಷೇಧ ಮಾಡಿರಿ ಎಂಬುದು ಒಂದು, ಕುಡಿಯುವವನು ಹೇಗಿದ್ದರೂ ಕುಡಿಯುತ್ತಾನೆ ಬಿಡಿರಿ ಎಂಬುದು ಇನ್ನೊಂದು. ಎರಡನೆಯ ಮಾತನ್ನು ಹೇಳುವವರು ಸಾಮಾನ್ಯವಾಗಿ ಗಂಡಸರು, ಮತ್ತು ಅದು ಸುಳ್ಳೆಂದು ನನಗೆ ಮೊದಲು ತಿಳಿಸಿದವರು ಶಾಲೆಯ ಬಿಸಿಯೂಟದ ಅಡುಗೆಯ ತಾಯಿ. "ಪ್ಯಾಟಿಗಿ ಹೋಗಿ ಕುಡುದ್ರ ಬಸ್ಸಿನ್ಯಾಗೇ ಅರ್ಧ ಇಳೀತದ್ರಿ ಸರ್. ರೊಕ್ಕನೂ ಬಸ್ಸಿಗೇ ಹೋಗ್ತದ. ಮನಿ ಬಾಜೂಕೇ ಸಿಕ್ರ ಮಕ್ಕಳು ಉಣ್ಣೂದಕ್ಕ ಮೊದಲೇ ಮುಂದ ಇಟ್ಕೊಂಡು ಕುಂದರ್ತಾನ." ಸುಲಭವಾಗಿ ಸಿಗುವುದು ಹೆಚ್ಚಾದಷ್ಟೂ ಕುಡಿತ ಹೆಚ್ಚುತ್ತದೆ, ಮತ್ತು ಕುಡಿತದ ಏಟು ಬೀಳುವುದು ಕುಡಿಯದವರ ಮೇಲೆ ಎಂದು ಸಾರ್ವಜನಿಕ ಆರೋಗ್ಯದ ತಜ್ಞರು ಹೇಳುವುದನ್ನು ಆಕೆ ಬಸ್ಸಿನ ಲೆಕ್ಕದಲ್ಲಿ ಹೇಳಿದ್ದರು. ಪಟ್ಟಣ ಹದಿನಾಲ್ಕು ಕಿಲೋಮೀಟರ್ ದೂರವಿರುವುದೇ ಆಕೆಯ ಪಾಲಿಗೆ ಒಂದು ಬೇಲಿಯಾಗಿತ್ತು. ಕಿರಾಣಿ ಅಂಗಡಿಯ ಬಾಕ್ಸು ಆ ಬೇಲಿಯನ್ನು ಕಿತ್ತುಹಾಕಿತ್ತು.

2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾದಾಗ ನಾವೆಲ್ಲ ಸಂತೋಷಪಟ್ಟಿದ್ದೆವು. ಕೆಲವೇ ವರ್ಷಗಳಲ್ಲಿ ಸಾರಾಯಿಯ ಜಾಗಕ್ಕೆ ಅಗ್ಗದ ವಿಸ್ಕಿ, ರಮ್ಮುಗಳ ಟೆಟ್ರಾ ಪಾಕೀಟು ಬಂದಿತು. ನಾನು ಕಂಡಂತೆ ಮೊದಲು ಸಾರಾಯಿ ಅಂಗಡಿಯ ಮುಂದೆ ನಿಂತೇ ಕುಡಿದು, ಊರೆಲ್ಲ ನೋಡುವಂತೆ ತೂರಾಡುತ್ತ ಮನೆಗೆ ಬರುತ್ತಿದ್ದವರು ಈಗ ಪಾಕೀಟನ್ನು ಜೇಬಿನಲ್ಲಿಟ್ಟುಕೊಂಡು ನೆಟ್ಟಗೆ ನಡೆದು ಮನೆಗೆ ಬಂದು, ಒಳಗೆ ಕುಳಿತು ಕುಡಿಯತೊಡಗಿದರು. ಬೀದಿಯಲ್ಲಿ ಗಲಾಟೆ ಕಡಿಮೆಯಾದದ್ದನ್ನು ನೋಡಿ ನಾವು ಸುಧಾರಣೆ ಎಂದುಕೊಂಡೆವು, ಗೋಡೆಯ ಆಚೆ ಏನಾಗುತ್ತಿತ್ತೆಂದು ಕೇಳಲಿಲ್ಲ.

ಅದೇ 2007ರಲ್ಲಿ, ಅಕ್ಟೋಬರ್ ತಿಂಗಳಲ್ಲಿ, ಪಶ್ಚಿಮ ಆಸ್ಟ್ರೇಲಿಯಾದ ಕಿಂಬರ್ಲಿ ಸೀಮೆಯ ಫಿಟ್ಜ್‌ರಾಯ್ ಕ್ರಾಸಿಂಗ್ ಎಂಬ ಸಣ್ಣ ಪಟ್ಟಣದಲ್ಲಿ ನಡೆದದ್ದನ್ನು ನಾನು ತಿಳಿದದ್ದು ಬಹಳ ತಡವಾಗಿ. ಅಲ್ಲಿಯ ಮೂಲನಿವಾಸಿ ಮಹಿಳೆಯರು ಸಭೆ ಸೇರಿ ಕೇಳಿದ್ದು ನಿಷೇಧವನ್ನಲ್ಲ, ಪಾರ್ಸೆಲ್ ಮಾರಾಟದ ಮೇಲೆ ಮಿತಿಯನ್ನು. ಕಡಿಮೆ ಮದ್ಯಾಂಶದ ಬಿಯರನ್ನು ಬಿಟ್ಟು ಬೇರೆ ಯಾವುದನ್ನೂ ಮನೆಗೆ ಒಯ್ಯಲು ಮಾರಬಾರದೆಂದು ಅಲ್ಲಿಯ ಪರವಾನಗಿ ಪ್ರಾಧಿಕಾರ ಆದೇಶಿಸಿತು. ಬಾರಿನಲ್ಲಿ ಕುಳಿತು ಕುಡಿಯಲು ಅಡ್ಡಿ ಇರಲಿಲ್ಲ. ಆಸ್ಪತ್ರೆಯ ತುರ್ತು ಚಿಕಿತ್ಸೆಗೆ ಬರುವವರ ಸಂಖ್ಯೆಯೂ ಪೊಲೀಸರು ಓಡಿಹೋಗಬೇಕಾದ ಜಗಳಗಳೂ ಇಳಿದವೆಂದು ನಂತರದ ಮೌಲ್ಯಮಾಪನ ಕಂಡುಕೊಂಡಿತು. ಕೆಲವರು ನೂರಾರು ಕಿಲೋಮೀಟರ್ ದೂರದ ಬೇರೆ ಊರುಗಳಿಗೆ ಹೋಗಿ ತರತೊಡಗಿದ್ದೂ ನಿಜ. ಅದೇ ದೇಶದ ಆಲಿಸ್ ಸ್ಪ್ರಿಂಗ್ಸ್ ಪಟ್ಟಣದಲ್ಲಿ 2023ರ ಜನವರಿಯಲ್ಲಿ ಸೋಮವಾರ, ಮಂಗಳವಾರ ಪಾರ್ಸೆಲ್ ಮಾರಾಟವನ್ನು ನಿಲ್ಲಿಸಿ, ಉಳಿದ ದಿನಗಳಲ್ಲಿ ಮಧ್ಯಾಹ್ನ ಮೂರರಿಂದ ಸಂಜೆ ಏಳರವರೆಗೆ ಮಾತ್ರ, ಒಬ್ಬರಿಗೆ ದಿನಕ್ಕೊಂದೇ ಖರೀದಿ ಎಂಬ ನಿಯಮ ತಂದರು. ಅವರ ಸಮಾಜ ಬೇರೆ, ಇತಿಹಾಸ ಬೇರೆ, ನಮ್ಮದಕ್ಕೆ ಹೋಲಿಸುವುದರಲ್ಲಿ ಅಪಾಯವಿದೆ. ಆದರೂ ಮಾರಾಟದ ರೀತಿ, ವೇಳೆ, ಪ್ರಮಾಣ ಇವುಗಳನ್ನು ಬಿಗಿ ಮಾಡುವುದಕ್ಕೂ ನಿಷೇಧಕ್ಕೂ ನಡುವೆ ಬಹಳ ದೊಡ್ಡ ಬಯಲಿದೆ ಎಂಬುದನ್ನು ಅಲ್ಲಿಯವರು ತೋರಿಸಿದ್ದಾರೆ.

ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ನಮ್ಮ ಊರಿನಿಂದ ನಡೆದೇ ಹೋಗಬಹುದಾದ ಮಹಾರಾಷ್ಟ್ರದ ಹಳ್ಳಿಗಳಲ್ಲಿ "ಉಭಿ ಬಾಟಲಿ, ಆಡವಿ ಬಾಟಲಿ" ಎಂಬ ಮತದಾನದ ಪದ್ಧತಿ ಇದೆ. ನಿಗದಿತ ಪ್ರಮಾಣದ ಮಹಿಳೆಯರು ಅಥವಾ ಮತದಾರರು ಅರ್ಜಿ ಕೊಟ್ಟರೆ ಗುಪ್ತ ಮತದಾನ ನಡೆಸುತ್ತಾರೆ; ಅಂಗಡಿ ಇರಲಿ ಎನ್ನುವವರು ನಿಂತ ಬಾಟಲಿಗೆ, ಮುಚ್ಚಲಿ ಎನ್ನುವವರು ಮಲಗಿದ ಬಾಟಲಿಗೆ ಗುರುತು ಹಾಕುತ್ತಾರೆ. ಓದುಬರಹ ಬಾರದ ಅಜ್ಜಿಯೂ ಮಲಗಿದ ಬಾಟಲಿಯನ್ನು ಗುರುತಿಸಬಲ್ಲಳು. ನಮ್ಮ ಕಡೆಯ ಹೆಣ್ಣುಮಕ್ಕಳು ಅಲ್ಲಿಗೆ ಲಗ್ನವಾಗಿ ಹೋಗುತ್ತಾರೆ, ಅಲ್ಲಿಯವರು ಇಲ್ಲಿಗೆ ಬರುತ್ತಾರೆ; ಗಡಿಯ ಆಚೆ ಮತ ಹಾಕುವ ತಂಗಿಗೆ ಇರುವ ಅಧಿಕಾರ ಈಚೆ ಇರುವ ಅಕ್ಕನಿಗೆ ಇಲ್ಲ. ಇತ್ತ ಸೇಡಂ, ಗುರುಮಠಕಲ್ ಕಡೆಯವರು ತೆಲಂಗಾಣದಿಂದ "ಬೆಲ್ಟ್ ಶಾಪ್" ಎಂಬ ಹೆಸರನ್ನು ಕಲಿತಿದ್ದಾರೆ: ಪರವಾನಗಿಯ ಅಂಗಡಿಯಿಂದ ಸರಕು ಒಯ್ದು ಹಳ್ಳಿಯಲ್ಲಿ ಕಳ್ಳತನದಿಂದ ಮಾರುವ ಅಂಗಡಿ. ನಾವು ಅದಕ್ಕೆ ಇನ್ನೂ ಕಿರಾಣಿ ಅಂಗಡಿ ಎಂದೇ ಹೇಳುತ್ತೇವೆ.

ಒಂದು ಆಕ್ಷೇಪವನ್ನು ಮಾತ್ರ ನಾನು ಹಗುರವಾಗಿ ನೋಡಲಾರೆ. ಬಿಗಿ ಮಾಡಿದರೆ ಕಳ್ಳಭಟ್ಟಿ ಬರುತ್ತದೆ, ಮಂಪರು ತರುವ ಕ್ಲೋರಲ್ ಹೈಡ್ರೇಟ್ ಪುಡಿ ಬೆರೆಸಿದ ಸೇಂದಿ ಬರುತ್ತದೆ ಎನ್ನುತ್ತಾರೆ. ಯಾದಗಿರಿ, ರಾಯಚೂರು ಸೀಮೆಯಲ್ಲಿ ಆ ಸೇಂದಿಯ ಕಥೆ ಹೊಸದಲ್ಲ. ಇದಲ್ಲದೆ ಲಾಕ್‌ಡೌನಿನ ಮೊದಲ ವಾರದಲ್ಲಿ ನಮ್ಮ ಓಣಿಯ ಗೌಂಡಿಯೊಬ್ಬರು ಕುಡಿತ ಸಿಗದೆ ಮೂರನೆಯ ದಿನ ಬೆವರಿ ತೊಯ್ದು, ಕೈ ನಡುಗಿ, ಗೋಡೆಯ ಮೇಲೆ ಇರುವೆ ಹರಿಯುತ್ತಿವೆಯೆಂದು ಕೂಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರನ್ನು ಕಲಬುರಗಿಯ ಆಸ್ಪತ್ರೆಗೆ ಸೇರಿಸಿದ ಮೇಲೆಯೇ, ಚಟ ಹತ್ತಿದ ದೇಹಕ್ಕೆ ಮದ್ಯವನ್ನು ಒಮ್ಮೆಲೇ ನಿಲ್ಲಿಸುವುದು ಪ್ರಾಣಕ್ಕೇ ಕುತ್ತು ತರಬಹುದೆಂದು ವೈದ್ಯರಿಂದ ತಿಳಿದದ್ದು. ಪೂರ್ತಿ ನಿಷೇಧದ ಮಾತಿಗೆ ನಾನು ಹಿಂಜರಿಯುವುದು ಈ ಕಾರಣಕ್ಕೆ, ಅಬಕಾರಿ ಆದಾಯದ ಕಾರಣಕ್ಕಲ್ಲ. ಬಾಕ್ಸನ್ನು ತಡೆದರೆ ಪಟ್ಟಣಕ್ಕೆ ಹೋಗಿ ಒಂದು ಕ್ವಾರ್ಟರ್ ಕೊಳ್ಳುವ ದಾರಿ ಮುಚ್ಚುವುದಿಲ್ಲ.

ಆದಾಯದ ಮಾತನ್ನು ಹೇಗೂ ತೆಗೆದೆ. 2025-26ನೆಯ ಸಾಲಿನ ಮುಂಗಡ ಪತ್ರದಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿಯ ಗುರಿ ಇಟ್ಟುಕೊಂಡಿದ್ದರು. ಗೃಹಲಕ್ಷ್ಮಿಯ ಎರಡು ಸಾವಿರ ಯಾವ ಮನೆಯ ಖಾತೆಗೆ ಬರುತ್ತದೆಯೋ ಅದೇ ಮನೆಯಿಂದ ಎಷ್ಟು ಹಣ ಕಿರಾಣಿ ಅಂಗಡಿಯ ಪಾಕೀಟಿನ ದಾರಿಯಾಗಿ ಬೆಂಗಳೂರಿಗೆ ಮರಳುತ್ತದೆಂದು ಯಾರಾದರೂ ಕೂಡಿ ನೋಡಿದರೆ ಒಳ್ಳೆಯದು. ಇಂಥ ಗುರಿ ಹೊತ್ತುಕೊಂಡ ಇಲಾಖೆಯೇ ಮಾರಾಟ ಕಡಿಮೆ ಮಾಡುವ ಕೆಲಸವನ್ನೂ ಮಾಡಬೇಕೆಂದರೆ ಅದು ಬೆಕ್ಕಿಗೆ ಹಾಲು ಕಾಯಲು ಹೇಳಿದಂತೆ. 2019ರ ಜನವರಿಯಲ್ಲಿ ಮದ್ಯ ನಿಷೇಧ ಆಂದೋಲನದ ಸಾವಿರಾರು ಮಹಿಳೆಯರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಹೋದಾಗ ಅವರಿಗೆ ಎದುರಾದದ್ದೂ ಇದೇ ಲೆಕ್ಕವೇ.

ಕಾನೂನು ಎಲ್ಲಿ ಬೀಳುತ್ತದೆ ಎಂಬುದೂ ನೋಡುವಂಥದ್ದು. ಕರ್ನಾಟಕ ಅಬಕಾರಿ ಕಾಯ್ದೆ 1965ರ ಕಲಂ 32 ಮತ್ತು 34ರ ಅಡಿಯಲ್ಲಿ ಪ್ರಕರಣ ದಾಖಲು ಎಂಬ ಸಣ್ಣ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ವಾರಕ್ಕೊಮ್ಮೆಯಾದರೂ ಇರುತ್ತದೆ. ಸಿಕ್ಕಿಬಿದ್ದವನು ಯಾವಾಗಲೂ ಹಳ್ಳಿಯ ಕಿರಾಣಿಯವನು ಅಥವಾ ಹೋಟೆಲಿನವನು. ಅವನಿಗೆ ಬಾಕ್ಸು ಕೊಟ್ಟ ಗಲ್ಲೆಯ ಹೆಸರು ಆ ಸುದ್ದಿಯಲ್ಲಿ ನಾನು ನೋಡಿಲ್ಲ. ನಮ್ಮ ಊರಿನ ಆ ಹುಡುಗನ ಕಾಕಾನೂ ಒಮ್ಮೆ ಸಿಕ್ಕಿಬಿದ್ದ, ಜಾಮೀನಿನ ಮೇಲೆ ಬಂದ, ಎಂಟು ದಿನ ಅಂಗಡಿಯಲ್ಲಿ ಬರೀ ಬೆಲ್ಲ, ಬೇಳೆ ಮಾರಿದ, ಒಂಬತ್ತನೆಯ ದಿನ ಬಾಕ್ಸು ಬಂದಿತು. ಜಪ್ತಿಯಾದ ಪ್ರತಿ ಬಾಕ್ಸಿನ ಬ್ಯಾಚ್ ಸಂಖ್ಯೆಯನ್ನು ಹಿಡಿದು ಅದು ಯಾವ ಅಂಗಡಿಗೆ ಹೋಗಿತ್ತೆಂದು ಹುಡುಕಿ, ಆ ಪರವಾನಗಿಯನ್ನು ಒಂದು ತಿಂಗಳು ಅಮಾನತಿನಲ್ಲಿಟ್ಟರೆ ಸಾಕು, ದ್ವಿಚಕ್ರ ವಾಹನಗಳು ಖಾಲಿ ಹೋಗಿ ಖಾಲಿ ಬರುತ್ತವೆ ಎಂಬುದು ನನ್ನ ಅನಿಸಿಕೆ.

ಹೋದ ತಿಂಗಳು ಊರಿನ ಸ್ವಸಹಾಯ ಸಂಘದವರು ಗ್ರಾಮಸಭೆಗೆ ಕೊಡಲು ಅರ್ಜಿ ಬರೆದುಕೊಡಿರೆಂದು ನನ್ನನ್ನು ಕೇಳಿದರು. ಒಬ್ಬರಿಗೆ ಮಿತಿಗಿಂತ ಹೆಚ್ಚು ಕೊಡಬಾರದು, ಬಾಕ್ಸಿನ ಮೂಲ ಹುಡುಕಬೇಕು, ಭಾನುವಾರ ಪಟ್ಟಣದ ಅಂಗಡಿಗಳಲ್ಲಿ ಪಾರ್ಸೆಲ್ ನಿಲ್ಲಿಸಬೇಕು ಎಂದು ಬರೆದು, ಶಾಲೆಯ ಕಟ್ಟೆಯ ಮೇಲೆ ಕುಳಿತು ಓದಿ ಹೇಳಿದೆ. ಅಡುಗೆಯ ತಾಯಿ ನಡುವೆಯೇ ತಡೆದರು. "ರವಿವಾರ ಯಾರ ಕೈಯಾಗ ರೊಕ್ಕ ಇರ್ತದ್ರಿ ಸರ್? ಬಟವಾಡಿ ಆಗೂದು ಸಂತಿ ದಿನ. ಅವತ್ತ ಬಂದ್ ಆದ್ರ ರೊಕ್ಕ ಮನಿ ಮುಟ್ಟತದ." ಭಾನುವಾರವೆಂಬುದು ಪಗಾರ ಎಣಿಸಿಕೊಂಡು ಬದುಕಿದ ಮೇಷ್ಟ್ರಿಗೆ ಹೊಳೆದ ರಜೆಯ ದಿನ. ಅದನ್ನು ಹೊಡೆದುಹಾಕಿ "ಸಂತೆಯ ದಿನ ಮಧ್ಯಾಹ್ನ ಎರಡರಿಂದ" ಎಂದು ತಿದ್ದಿದೆ. ನಲವತ್ತೊಂದು ಜನ ಸಹಿ ಹಾಕಿದರು, ಹನ್ನೆರಡು ಜನ ಹೆಬ್ಬೆಟ್ಟು ಒತ್ತಿದರು. ಗ್ರಾಮಸಭೆಯ ದಿನಾಂಕವನ್ನು ಪಂಚಾಯಿತಿಯವರು ಇನ್ನೂ ಹೇಳಿಲ್ಲ.