ಎರಡನೇ ದೇಣಿಗೆ ಎಲ್ಲಿಂದ ಬರುತ್ತದೆ?

ಸೇವಾ ಸಂಸ್ಥೆಯೊಂದಕ್ಕೆ ದೇಣಿಗೆ ಸಂಗ್ರಹಿಸುವುದು ನನ್ನ ಕೆಲಸ. ನಮ್ಮ ತಂಡಕ್ಕೆ ಹೊಸದಾಗಿ ಸೇರುವವರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ: "ದುಡ್ಡು ಕೇಳೋದು ಹೇಗೆ?" ಇನ್ನೊಬ್ಬರ ಮುಂದೆ ಕೈ ಚಾಚಲು ಯಾರಿಗಾದರೂ ಮುಜುಗರವಾಗುತ್ತದೆ, ಅಲ್ವಾ? ಆದರೆ ನಾಲ್ಕಾರು ಜನರ ಹತ್ತಿರ ಮಾತಾಡಿದರೆ ಆ ಮುಜುಗರ ಹೋಗಿಬಿಡುತ್ತದೆ. ಸಂಸ್ಥೆಯ ಕೆಲಸದ ಮೇಲೆ ನಂಬಿಕೆ ಇದ್ದವರಿಗೆ ಕೇಳುವುದು ಬೇಗ ರೂಢಿಯಾಗುತ್ತದೆ. ಕಷ್ಟ ಶುರುವಾಗುವುದು ದುಡ್ಡು ಬಂದ ಮೇಲೆ. ಒಂದು ಸಲ ಕೊಟ್ಟವರು ಇನ್ನೊಂದು ಸಲ ಯಾಕೆ ಕೊಡಬೇಕು? ಇದಕ್ಕೆ ನಮ್ಮ ಹತ್ತಿರ ಉತ್ತರ ಇರಬೇಕು.

ಅಮೆರಿಕದಲ್ಲಿ ಫಂಡ್‌ರೈಸಿಂಗ್ ಎಫೆಕ್ಟಿವ್‌ನೆಸ್ ಪ್ರಾಜೆಕ್ಟ್ ಅಂತ ಒಂದಿದೆ. ಸಾವಿರಾರು ಸಂಸ್ಥೆಗಳ ದೇಣಿಗೆ ಲೆಕ್ಕವನ್ನು ಒಟ್ಟಿಗೆ ಇಟ್ಟು ನೋಡುತ್ತದೆ. ಅದರ ವರದಿಗಳಲ್ಲಿ ಮತ್ತೆ ಮತ್ತೆ ಕಾಣುವ ಮಾತು ಇದು: ಒಂದು ವರ್ಷ ಕೊಟ್ಟವರಲ್ಲಿ ಮರುವರ್ಷವೂ ಕೊಡುವವರು ಅರ್ಧಕ್ಕಿಂತ ಕಡಿಮೆ. ಮೊದಲ ಸಲ ಕೊಟ್ಟವರನ್ನು ಮಾತ್ರ ತೆಗೆದುಕೊಂಡರೆ ಇನ್ನೂ ಕಡಿಮೆ. ಅಂದರೆ ಪ್ರತಿ ವರ್ಷ ಹೊಸಬರನ್ನು ಹುಡುಕುತ್ತಲೇ ಇರಬೇಕು, ಮತ್ತು ಹೊಸಬರನ್ನು ಹುಡುಕುವುದಕ್ಕೆ ಖರ್ಚು ಜಾಸ್ತಿ. ತಳ ಸೋರುವ ಕೊಡಕ್ಕೆ ನೀರು ಹೊತ್ತ ಹಾಗೆ.

2014ರ ಐಸ್ ಬಕೆಟ್ ಚಾಲೆಂಜ್ ನಿಮಗೆ ನೆನಪಿರಬಹುದು. ತಲೆಯ ಮೇಲೆ ಐಸ್ ನೀರು ಸುರಿದುಕೊಂಡು ಸ್ನೇಹಿತರಿಗೂ ಸವಾಲು ಹಾಕುವ ವಿಡಿಯೊಗಳು. ಕೆಲವೇ ವಾರಗಳಲ್ಲಿ, ಸ್ನಾಯುಗಳ ಶಕ್ತಿ ಕುಗ್ಗಿಸುವ ಎಎಲ್‌ಎಸ್ ಎಂಬ ನರರೋಗಕ್ಕಾಗಿ ಕೆಲಸ ಮಾಡುವ ಅಮೆರಿಕದ ಎಎಲ್‌ಎಸ್ ಅಸೋಸಿಯೇಷನ್‌ಗೆ ಸುಮಾರು 11.5 ಕೋಟಿ ಡಾಲರ್ ಬಂತು. ಆದರೆ ಕೊಟ್ಟ ಬಹುತೇಕರ ನಂಟು ಇದ್ದದ್ದು ಸವಾಲು ಹಾಕಿದ ಸ್ನೇಹಿತನ ಜೊತೆ, ಸಂಸ್ಥೆಯ ಜೊತೆಗಲ್ಲ. ಎಎಲ್‌ಎಸ್ ಕಾಯಿಲೆ ಎಂದರೆ ಏನು ಎಂದೇ ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ. ಹಾಗೆ ಬಂದವರು ಹಾಗೆಯೇ ಹೋಗುವುದು ಸಹಜ. ಆ ಸಂಸ್ಥೆ ಮಾಡಿದ ಕೆಲಸದಲ್ಲಿ ನನಗೆ ಇಷ್ಟವಾದದ್ದು ಬೇರೆಯೇ ಇದೆ. ಆ ದುಡ್ಡು ಎಲ್ಲೆಲ್ಲಿ ಹೋಯಿತು ಎಂದು ಅವರು ಮುಂದಿನ ವರ್ಷಗಳಲ್ಲೂ ಹೇಳುತ್ತಾ ಬಂದರು. 2016ರಲ್ಲಿ ಎನ್‌ಇಕೆ1 ಎಂಬ ಜೀನ್‌ಗೂ ಈ ಕಾಯಿಲೆಗೂ ಇರುವ ನಂಟು ಪತ್ತೆಯಾಯಿತು. ಆ ಸಂಶೋಧನೆಗೆ ಈ ದುಡ್ಡಿನ ಪಾಲೂ ಇತ್ತು. ಅದನ್ನೂ ಜನರಿಗೆ ತಿಳಿಸಿದರು. ಸುಮ್ನೆ ಆಟಕ್ಕೆ ನೀರು ಸುರಿದುಕೊಂಡವನಿಗೂ "ಓಹ್, ನನ್ನ ದುಡ್ಡಿನಿಂದ ಇದಾಯಿತಾ" ಅನ್ನಿಸುತ್ತದೆ. ಎರಡನೇ ದೇಣಿಗೆ ಹುಟ್ಟುವುದು ಅಲ್ಲಿ.

ಥ್ಯಾಂಕ್ಸ್ ಹೇಳಿದರೆ ಸಾಕು ಎಂದು ನಮ್ಮ ಕ್ಷೇತ್ರದಲ್ಲಿ ಬಹಳ ಜನ ನಂಬಿದ್ದಾರೆ. ಅನ್ಯಾ ಸಮೆಕ್ ಮತ್ತು ಚಕ್ ಲಾಂಗ್‌ಫೀಲ್ಡ್ ಎಂಬ ಇಬ್ಬರು ಇದನ್ನು ಪರೀಕ್ಷೆ ಮಾಡಿಯೇ ನೋಡಿದರು. ಅಮೆರಿಕದ ಸಾರ್ವಜನಿಕ ಟಿವಿ ಕೇಂದ್ರಗಳು ಮತ್ತು ಒಂದು ದೊಡ್ಡ ಸಂಸ್ಥೆಯ ಲಕ್ಷಾಂತರ ದಾನಿಗಳಲ್ಲಿ ಕೆಲವರಿಗೆ ಥ್ಯಾಂಕ್ಸ್ ಹೇಳುವ ಫೋನ್ ಹೋಯಿತು, ಕೆಲವರಿಗೆ ಹೋಗಲಿಲ್ಲ. ಫೋನ್ ಹೋದವರು ಮುಂದೆ ಜಾಸ್ತಿ ಕೊಡುತ್ತಾರೆ ಎಂದು ಈ ಕ್ಷೇತ್ರದವರು ಊಹಿಸಿದ್ದರು. ಏನೂ ವ್ಯತ್ಯಾಸ ಕಾಣಲಿಲ್ಲ.

ಇದನ್ನು ಓದಿ ನಾನು ಥ್ಯಾಂಕ್ಸ್ ಹೇಳುವುದನ್ನು ಬಿಟ್ಟಿಲ್ಲ. ಬಿಡುವುದೂ ಇಲ್ಲ, ಅದು ಮರ್ಯಾದೆ. ಆದರೆ ಥ್ಯಾಂಕ್ಸ್ ಒಂದರಿಂದಲೇ ಸಂಬಂಧ ಬೆಳೆಯುವುದಿಲ್ಲ ಎಂದು ಒಪ್ಪಿಕೊಳ್ಳಬೇಕು. "ನಿಮ್ಮ ಅಮೂಲ್ಯ ಕೊಡುಗೆಗೆ ಹೃತ್ಪೂರ್ವಕ ಕೃತಜ್ಞತೆಗಳು" ಎಂಬ ಸಾಲನ್ನು ಯಾರು ಯಾರಿಗೆ ಬೇಕಾದರೂ ಬರೆಯಬಹುದು. ಕೊಟ್ಟವರು ಕಾಯುವುದು ಸುದ್ದಿಗೆ. ಕೊಟ್ಟ ದುಡ್ಡು ಏನಾಯಿತು? ಯಾರಿಗೆ ಮುಟ್ಟಿತು? ಅಂದುಕೊಂಡ ಕೆಲಸ ಆಯಿತಾ, ಇಲ್ಲವಾ?

"ಇಲ್ಲ" ಎಂದು ಹೇಳಬೇಕಾದಾಗಲೇ ಬಹಳಷ್ಟು ಸಂಸ್ಥೆಗಳು ಮೌನವಾಗುತ್ತವೆ. ನಮ್ಮಲ್ಲೂ ಒಮ್ಮೆ ಅಂಥ ಸಂದರ್ಭ ಬಂತು. ಮಕ್ಕಳ ಓದುವ ಕೋಣೆಯೊಂದಕ್ಕೆ ದೇಣಿಗೆ ಬಂದಿತ್ತು. ಕಟ್ಟಡದ ಅನುಮತಿ ಸಿಗದೆ ಕೆಲಸ ನಿಂತಿತ್ತು. "ಅನುಮತಿ ಸಿಕ್ಕ ಮೇಲೆ ಒಟ್ಟಿಗೆ ಹೇಳಿದರಾಯಿತು ಬಿಡಿ" ಎಂಬ ಮಾತು ಮೀಟಿಂಗ್‌ನಲ್ಲಿ ಬಂತು. ನಾನು ಒಪ್ಪಲಿಲ್ಲ. ಕೊಟ್ಟವರಿಗೆಲ್ಲ ಒಬ್ಬೊಬ್ಬರಾಗಿ ಫೋನ್ ಮಾಡಿದೆವು. ಅವರಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಇದ್ದರು. ತಡವಾಗಲು ಕಾರಣ ಏನು, ಅನುಮತಿ ಎಲ್ಲಿಗೆ ಬಂದಿದೆ, ಮುಂದೆ ಏನು ಮಾಡುತ್ತೇವೆ ಎಂದೆಲ್ಲ ನಾನು ಹೇಳಿ ಮುಗಿಸುವವರೆಗೆ ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ಒಂದೇ ಪ್ರಶ್ನೆ.

"ದುಡ್ಡು ಈಗ ಎಲ್ಲಿದೆ?"

"ಬ್ಯಾಂಕಿನಲ್ಲೇ ಇದೆ ಸರ್. ಬೇರೆ ಯಾವುದಕ್ಕೂ ಮುಟ್ಟಿಲ್ಲ."

"ಹಾಗಾದ್ರೆ ಕಾಯೋಣ ಬಿಡಿ. ನೀವಾಗೇ ಹೇಳಿದ್ರಲ್ಲ, ಅಷ್ಟು ಸಾಕು."

ಆ ಉತ್ತರ ಕೊಡಲು ನನಗೆ ಧೈರ್ಯ ಇದ್ದದ್ದು ನಮ್ಮ ಅಕೌಂಟ್ಸ್ ವಿಭಾಗದಿಂದ. ನಿರ್ದಿಷ್ಟ ಉದ್ದೇಶಕ್ಕೆ ಬಂದ ದುಡ್ಡನ್ನು ಅವರು ಲೆಕ್ಕದಲ್ಲಿ ಪ್ರತ್ಯೇಕವಾಗಿಯೇ ತೋರಿಸುತ್ತಾರೆ. ಸಂಬಳಕ್ಕೆ ಕಷ್ಟವಾದ ತಿಂಗಳಲ್ಲಿ ಆ ದುಡ್ಡಿಗೆ ಕೈ ಹಾಕಿ ಆಮೇಲೆ ತುಂಬಿಸೋಣ ಎಂಬ ಆಸೆ ಎಲ್ಲ ಸಂಸ್ಥೆಗಳಿಗೂ ಬರುತ್ತದೆ. ಹಾಗೆ ಮಾಡಿದ್ದರೆ ಮೇಷ್ಟ್ರ ಪ್ರಶ್ನೆಗೆ ನಾನು ತಡವರಿಸಬೇಕಿತ್ತು. ದಾನಿಗಳ ಸಂಬಂಧ ನೋಡಿಕೊಳ್ಳುವವರು ಅಕೌಂಟ್ಸ್‌ನವರ ಪಕ್ಕದಲ್ಲೇ ಕೂರಬೇಕು ಎಂದು ನಾನು ಹೇಳುವುದು ಅದಕ್ಕೇ. ಉದ್ದೇಶ ಬದಲಾಯಿಸಲೇಬೇಕಾದರೆ ಖರ್ಚು ಮಾಡುವ ಮೊದಲು ಕೊಟ್ಟವರನ್ನು ಕೇಳಬೇಕು. ಖರ್ಚಾದ ಮೇಲೆ ಹೇಳಿದರೆ ಅದು ಬರೀ ಸಮಜಾಯಿಷಿ.

ದಾನಿಗಳ ಹಕ್ಕುಪತ್ರ ಎಂಬ ದಾಖಲೆ 1993ರಿಂದಲೂ ಇದೆ. ಅಮೆರಿಕದ ನಾಲ್ಕು ವೃತ್ತಿಪರ ಸಂಘಗಳು ಸೇರಿ ಮಾಡಿದ್ದು. ಹತ್ತೇ ಅಂಶ. ಕೊಟ್ಟ ಉದ್ದೇಶಕ್ಕೇ ದುಡ್ಡು ಬಳಕೆಯಾಗಬೇಕು, ಸಂಸ್ಥೆಯ ಲೆಕ್ಕಪತ್ರ ನೋಡಲು ಸಿಗಬೇಕು, ಕೇಳಿದ ಪ್ರಶ್ನೆಗೆ ಬೇಗ ಮತ್ತು ನಿಜವಾದ ಉತ್ತರ ಸಿಗಬೇಕು ಎಂಬಂಥವು. ನಮ್ಮ ಆಫೀಸಿನ ಗೋಡೆಯ ಮೇಲೆ ಅದರ ಪ್ರತಿ ಇದೆ. ಹೊಸಬರಿಗೆ ತರಬೇತಿ ಕೊಡುವಾಗ ಅದನ್ನೇ ಮೊದಲು ಓದಿಸುತ್ತೇನೆ.

ನಿಜವಾದ ಉತ್ತರ ಕೊಡಲು ಎಲ್ಲರೂ ಹಿಂಜರಿಯುವ ಪ್ರಶ್ನೆ ಒಂದಿದೆ: "ನನ್ನ ದುಡ್ಡು ನಿಮ್ಮ ಸಂಬಳಕ್ಕೆ ಹೋಗುತ್ತಾ?" ಹೌದು, ಸಾಮಾನ್ಯ ದೇಣಿಗೆಯಲ್ಲಿ ಒಂದಿಷ್ಟು ಹೋಗುತ್ತದೆ. ಪಾಠ ಮಾಡುವವರಿಗೆ, ಲೆಕ್ಕ ಬರೆಯುವವರಿಗೆ, ಆಡಿಟ್‌ಗೆ, ಆಫೀಸಿನ ಬಾಡಿಗೆಗೆ. 2013ರಲ್ಲಿ, ಸೇವಾ ಸಂಸ್ಥೆಗಳ ಮಾಹಿತಿಯನ್ನು ದಾನಿಗಳಿಗೆ ಒದಗಿಸುವ ಅಮೆರಿಕದ ಗೈಡ್‌ಸ್ಟಾರ್, ಚಾರಿಟಿ ನ್ಯಾವಿಗೇಟರ್ ಮತ್ತು ಬಿಬಿಬಿ ವೈಸ್ ಗಿವಿಂಗ್ ಅಲಯನ್ಸ್ ಒಟ್ಟಾಗಿ ದಾನಿಗಳಿಗೆ ಬಹಿರಂಗ ಪತ್ರ ಬರೆದವು. ಆಡಳಿತ ಖರ್ಚಿನ ಪ್ರಮಾಣ ಒಂದನ್ನೇ ನೋಡಿ ಸಂಸ್ಥೆಯನ್ನು ಅಳೆಯಬೇಡಿ ಎಂಬುದು ಅದರ ಸಾರ. ಸಂಸ್ಥೆಗಳ ಮೇಲೆ ಕಣ್ಣಿಡುವವರೇ ಹಾಗೆ ಬರೆದದ್ದು ದೊಡ್ಡ ಮಾತು. ನಾನಂತೂ ಈ ಪ್ರಶ್ನೆಯನ್ನು ತೇಲಿಸುವುದಿಲ್ಲ. ಅಂಕಿ ಹೇಳುತ್ತೇನೆ, ಆ ಖರ್ಚು ಇಲ್ಲದಿದ್ದರೆ ಏನು ನಿಲ್ಲುತ್ತದೆ ಎಂದೂ ಹೇಳುತ್ತೇನೆ. ಕೇಳಿದವರಲ್ಲಿ ಕೆಲವರು ಸಂಬಳಕ್ಕೆಂದೇ ಕೊಟ್ಟದ್ದೂ ಇದೆ.

ಕಮಿಷನ್ ವಿಷಯವನ್ನೂ ಹೇಳಿಬಿಡುತ್ತೇನೆ. ತಂದ ದುಡ್ಡಿನಲ್ಲಿ ಇಷ್ಟು ಪರ್ಸೆಂಟ್ ಎಂದು ಇಟ್ಟರೆ ಕೆಲಸ ಚುರುಕಾಗುತ್ತದೆ ಎಂದು ಟ್ರಸ್ಟಿಗಳಲ್ಲಿ ಯಾರಾದರೊಬ್ಬರು ಹೇಳುತ್ತಲೇ ಇರುತ್ತಾರೆ. ಫಂಡ್‌ರೈಸಿಂಗ್ ವೃತ್ತಿಪರರ ಸಂಘವಾದ ಎಎಫ್‌ಪಿಯ ನೀತಿ ಸಂಹಿತೆ ಇದನ್ನು ಒಪ್ಪುವುದಿಲ್ಲ. ನಾನೂ ಒಪ್ಪುವುದಿಲ್ಲ. ಕಮಿಷನ್‌ಗೆ ದುಡಿಯುವವನಿಗೆ ಈ ತಿಂಗಳೇ ಚೆಕ್ ಬೇಕು. "ಮಗಳ ಮದುವೆ ಇದೆ, ಮುಂದಿನ ವರ್ಷ ನೋಡೋಣ" ಎಂದವರನ್ನೂ ಅವನು ಬಿಡುವುದಿಲ್ಲ. ನಮಗೆ ಮುಂದಿನ ವರ್ಷವೂ ಅವರು ಬೇಕು.

ಅಂಥ ಮಾತುಗಳನ್ನೆಲ್ಲ ಬರೆದಿಡಬೇಕು. ನಮ್ಮ ಸಾಫ್ಟ್‌ವೇರ್‌ನಲ್ಲಿ ಪ್ರತಿ ದಾನಿಯ ಹೆಸರಿನ ಕೆಳಗೆ ಟಿಪ್ಪಣಿಗೆ ಜಾಗ ಇದೆ. "ಸಂಜೆ ಫೋನ್ ಬೇಡ." "ಹೆಸರು ಎಲ್ಲೂ ಹಾಕಬೇಡಿ ಎಂದಿದ್ದಾರೆ." "ಯಜಮಾನರು ತೀರಿಕೊಂಡಿದ್ದಾರೆ, ಇನ್ನು ಮುಂದೆ ಪತ್ರ ಅಮ್ಮನ ಹೆಸರಿಗೆ ಮಾತ್ರ." ಈ ಕೊನೆಯ ಸಾಲನ್ನು ಯಾರೂ ಬರೆಯದೆ ಹೋದರೆ ಏನಾಗುತ್ತದೆ ನೋಡಿ. ತೀರಿಕೊಂಡವರ ಹೆಸರಿಗೆ ವರ್ಷವರ್ಷವೂ ಪತ್ರ ಹೋಗುತ್ತದೆ, ಆ ಮನೆಯವರಿಗೆ ಪ್ರತಿ ಸಲವೂ ನೋವು. ಕೆಲಸ ಬಿಟ್ಟು ಹೋಗುವವರ ತಲೆಯಲ್ಲಷ್ಟೇ ಈ ವಿವರಗಳು ಇರಬಾರದು. ಜೊತೆಗೆ, ದಾನಿಯೇ ಬಂದು ಓದಿದರೆ ಬೇಸರವಾಗುವಂಥದ್ದನ್ನು ಅಲ್ಲಿ ಬರೆಯಲೂ ಬಾರದು.

ಈಗ ನಮ್ಮಲ್ಲಿ ಒಂದು ಕಟ್ಟುನಿಟ್ಟು ಇದೆ. ದೇಣಿಗೆ ಕೇಳುವ ಪತ್ರ ಕಳಿಸುವ ಮೊದಲು, ಅದೇ ವ್ಯಕ್ತಿಗೆ ಹಿಂದಿನ ದೇಣಿಗೆಯ ಸುದ್ದಿ ಮುಟ್ಟಿದೆಯಾ ಎಂದು ನೋಡುತ್ತೇವೆ. ಮುಟ್ಟಿಲ್ಲದಿದ್ದರೆ ಆ ಹೆಸರು ಕೇಳುವ ಪಟ್ಟಿಯಿಂದ ಹೊರಗೆ ಬರುತ್ತದೆ, ದೊಡ್ಡ ದಾನಿಯಾದರೂ ಸರಿ, ತಿಂಗಳಿಗಿಷ್ಟು ಎಂದು ಸಣ್ಣ ಮೊತ್ತ ಕೊಡುವವರಾದರೂ ಸರಿ. ಇದರಿಂದ ನಮ್ಮ ತಂಡಕ್ಕಿಂತ ಜಾಸ್ತಿ ಒತ್ತಡ ಬಿದ್ದದ್ದು ಪ್ರಾಜೆಕ್ಟ್ ನೋಡಿಕೊಳ್ಳುವವರ ಮೇಲೆ. ಸುದ್ದಿ ಬರಬೇಕಾದದ್ದು ಅವರಿಂದಲೇ ತಾನೆ? ಮೊದಮೊದಲು "ಕೆಲಸ ಮಾಡೋಣವಾ, ನಿಮಗೆ ವರದಿ ಬರೆದು ಕೊಡುತ್ತಾ ಕೂರೋಣವಾ" ಎಂದು ಬೇಸರ ಮಾಡಿಕೊಂಡರು. ಅವರ ಮಾತಿನಲ್ಲೂ ನ್ಯಾಯ ಇತ್ತು. ಅದಕ್ಕೆ ಉದ್ದದ ವರದಿ ಕೇಳುವುದನ್ನು ನಿಲ್ಲಿಸಿದೆವು. ಫೋನಿನಲ್ಲಿ ಎರಡು ನಿಮಿಷ ಮಾತಾಡಿ ಧ್ವನಿ ಸಂದೇಶ ಕಳಿಸಿದರೆ ಸಾಕು, ಬರೆದುಕೊಳ್ಳುವುದು ನಮ್ಮ ಕೆಲಸ ಎಂದೆವು. ಈಗ ಸುದ್ದಿ ತಾನಾಗಿ ಬರುತ್ತದೆ. ಕೆಟ್ಟ ಸುದ್ದಿ ಕೂಡ.