ಮಗುವಿಗೆ 16,000, ಶಾಲೆಗೆ 25,000: ಉಳಿದ ಹಣ ಎಲ್ಲಿ ಹೋಯಿತು?

ಹಾವೇರಿ, ಗದಗ ಜಿಲ್ಲೆಗಳ ಹಳ್ಳಿ ಶಾಲೆಗಳ ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗಳಲ್ಲಿ ಲೆಕ್ಕಪತ್ರ ವಿವರಿಸಲು ಹೋದಾಗಲೆಲ್ಲ ಪಾಲಕರಲ್ಲಿ ಒಬ್ಬರಾದರೂ ಕೇಳುವ ಪ್ರಶ್ನೆ ಇದು: "ಸರ, ಆರ್‌ಟಿಇ ಒಳಗ ಖಾಸಗಿ ಸಾಲಿಗೆ ಒಂದು ಹುಡುಗಗ ಸರ್ಕಾರ ವರ್ಷಕ್ಕ ಹದಿನಾರು ಸಾವಿರ ಕೊಡತೈತಿ. ನಮ್ಮ ಸಾಲ್ಯಾಗ ನಲವತ್ತು ಹುಡುಗ್ರು ಅದಾರ. ಹಂಗಾರ ಆರು ಲಕ್ಷ ನಲವತ್ತು ಸಾವಿರ ಬರಬೇಕಿತ್ತಲ್ಲ? ಬಂದದ್ದು ಬರೇ ಇಪ್ಪತ್ತೈದು ಸಾವಿರ. ಉಳಿದದ್ದು ಯಾರು ತಿಂದ್ರು?"

ಯಾರೂ ತಿಂದಿಲ್ಲ ಎಂದೇ ನಾನು ಉತ್ತರ ಆರಂಭಿಸುತ್ತೇನೆ. ಆದರೆ ಆ ಹಣ ಎಲ್ಲ ಮಕ್ಕಳಿಗೂ ಸಮನಾಗಿ ತಲುಪುತ್ತಿದೆಯೇ ಎಂದು ಮರುಪ್ರಶ್ನೆ ಹಾಕಿದರೆ, ಇಲ್ಲ ಎಂದೇ ಹೇಳಬೇಕಾಗುತ್ತದೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ (ಆರ್‌ಟಿಇ) 12ನೇ ಕಲಮಿನ ಪ್ರಕಾರ ಖಾಸಗಿ ಶಾಲೆಯ ಮೀಸಲು ಸೀಟಿಗೆ ಸರ್ಕಾರವು ತಾನು ಒಂದು ಮಗುವಿಗೆ ಮಾಡುವ ವೆಚ್ಚವನ್ನಾಗಲಿ, ಆ ಶಾಲೆ ಪಡೆಯುವ ಶುಲ್ಕವನ್ನಾಗಲಿ, ಎರಡರಲ್ಲಿ ಕಡಿಮೆಯಾದುದನ್ನು ಮರುಪಾವತಿಸಬೇಕು. ಒಂದನೇ ತರಗತಿಗೆ ಕರ್ನಾಟಕ ಇದರ ಮಿತಿಯನ್ನು ಮೊದಲು 11,848 ರೂಪಾಯಿಗೆ, ನಂತರ 16,000 ರೂಪಾಯಿಗೆ ನಿಗದಿಪಡಿಸಿತು. ಇದು ಸರಾಸರಿಯನ್ನು ಆಧರಿಸಿದ ಅಂಕಿ, ಮತ್ತು ಅದರ ಬಹುಪಾಲು ಶಿಕ್ಷಕರ ಸಂಬಳವೇ ಆಗಿರುತ್ತದೆ. ಸಂಬಳವು ಸರ್ಕಾರಿ ನೌಕರರ ವೇತನದ ಆನ್‌ಲೈನ್ ವ್ಯವಸ್ಥೆಯಾದ ಎಚ್‌ಆರ್‌ಎಂಎಸ್ ಮೂಲಕ ನೇರವಾಗಿ ಶಿಕ್ಷಕರ ಖಾತೆಗೆ ಜಮಾ ಆಗುವುದರಿಂದ ಶಾಲೆಯ ನಗದು ಪುಸ್ತಕದಲ್ಲಿ ಅದರ ಸುಳಿವೇ ಇರುವುದಿಲ್ಲ. ಮುಖ್ಯಾಧ್ಯಾಪಕರು ಮತ್ತು ಎಸ್‌ಡಿಎಂಸಿಯವರ ಕೈಯಿಂದ ಖರ್ಚಾಗುವುದು ಮುಖ್ಯವಾಗಿ ಕೇಂದ್ರದ ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನ.

ಈ ಅನುದಾನದ ಹಂಚಿಕೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಕೇಂದ್ರದ ಮಾನದಂಡದ ಪ್ರಕಾರ 30ರವರೆಗೆ ಮಕ್ಕಳಿರುವ ಶಾಲೆಗೆ ವರ್ಷಕ್ಕೆ 10,000, 31ರಿಂದ 100ರವರೆಗೆ 25,000, 250ರವರೆಗೆ 50,000, 1,000ದವರೆಗೆ 75,000, ಅದಕ್ಕೂ ಹೆಚ್ಚಿದ್ದರೆ 1,00,000 ರೂಪಾಯಿ ಎಂದು ಮಿತಿ ಹಾಕಲಾಗಿದೆ. ಈಗ ತಲೆಲೆಕ್ಕ ಹಾಕಿ. 30 ಮಕ್ಕಳ ಶಾಲೆಯಲ್ಲಿ ತಲಾ 333 ರೂಪಾಯಿ; 31 ಮಕ್ಕಳಾದರೆ ತಲಾ 806; ನೂರು ಮಕ್ಕಳಾದರೆ 250; ಸಾವಿರ ಮಕ್ಕಳಾದರೆ 75. ಒಂದು ಕುಟುಂಬ ಕೆಲಸ ಹುಡುಕಿಕೊಂಡು ಹುಬ್ಬಳ್ಳಿಗೆ ಹೋಗಿ ತನ್ನ ಒಂದು ಮಗುವಿನ ಟಿಸಿ ಒಯ್ದರೆ, 31 ಇದ್ದದ್ದು 30 ಆಗಿ, ಉಳಿದ ಮಕ್ಕಳ ಪಾಲಿನ 15,000 ರೂಪಾಯಿಯೂ ಅದರ ಜೊತೆಗೇ ಹೋಗುತ್ತದೆ. ಇದನ್ನು ಅನ್ಯಾಯ ಎನ್ನುವುದಕ್ಕಿಂತ, ಗೆರೆ ಎಳೆದವರು ಗೆರೆಯ ಅಂಚಿನಲ್ಲಿ ಬದುಕುವ ಶಾಲೆಯನ್ನು ನೆನೆಯಲಿಲ್ಲ ಎನ್ನುವುದು ಸರಿ.

ಹತ್ತು ಸಾವಿರದಲ್ಲಿ ಏನಾಗುತ್ತದೆ? ಕನಿಷ್ಠ ಶೇಕಡಾ 10ನ್ನು ಸ್ವಚ್ಛತೆಗೇ ತೆಗೆದಿಡಬೇಕೆಂಬ ನಿಯಮವಿದೆ. ಫಿನೈಲು, ಕಸಬರಿಗೆ, ಬಕೆಟ್ ಅದರಲ್ಲಿ ಮುಗಿಯುತ್ತವೆ. ಸೀಮೆಸುಣ್ಣ, ಹಾಜರಿ ಪುಸ್ತಕ, ಫಲಕಕ್ಕೆ ಕಪ್ಪು ಬಣ್ಣ, ಕೆಟ್ಟ ನಳದ ರಿಪೇರಿ, ಆಗಸ್ಟ್ ಹದಿನೈದರ ಸಿಹಿ. ಸರ್ಕಾರಿ ಶಾಲೆಗಳಿಗೆ ವಿದ್ಯುತ್ ಮತ್ತು ನೀರು ಉಚಿತವೆಂದು 2023ರ ನವೆಂಬರ್‌ನಲ್ಲಿ ಘೋಷಣೆಯಾದದ್ದು ನಿಜಕ್ಕೂ ದೊಡ್ಡ ಸಮಾಧಾನ. ಆದರೆ ಹಾನಗಲ್ ಕಡೆಯ ಹಂಚಿನ ಶಾಲೆಯಲ್ಲಿ ಮಳೆಗಾಲಕ್ಕೆ ಮೊದಲು ಹಂಚು ಕೈಯಾಡಿಸುವ ಕೂಲಿಯನ್ನೂ, ಮುಂಡರಗಿ, ಶಿರಹಟ್ಟಿ ಕಡೆಯ ಎರೆಭೂಮಿಯಲ್ಲಿ ಬೇಸಿಗೆಗೊಮ್ಮೆ ಬಾಯಿ ಬಿಡುವ ಗೋಡೆಯ ಗಿಲಾವನ್ನೂ ಇದೇ ದುಡ್ಡಿನಲ್ಲಿ ಹೊಂದಿಸಬೇಕೆಂದರೆ ಮುಖ್ಯಾಧ್ಯಾಪಕರು ಊರ ಹಿರಿಯರ ಮನೆ ಬಾಗಿಲಿಗೆ ಹೋಗಲೇಬೇಕು. ಮಣ್ಣಿನ ಗುಣ, ಮಳೆಯ ಪ್ರಮಾಣ ಯಾವುದಕ್ಕೂ ಅನುದಾನದ ಪಟ್ಟಿಯಲ್ಲಿ ಕಲಮು ಇಲ್ಲ.

ಇಷ್ಟೆಲ್ಲ ಹೇಳಿದರೂ ನಿಜವಾದ ಅಸಮಾನತೆ ಈ ಸಣ್ಣ ಮೊತ್ತಗಳಲ್ಲಿಲ್ಲ. ಅದು ಖಾಲಿ ಹುದ್ದೆಯಲ್ಲಿದೆ. ರಾಜ್ಯದ ಏಳನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್‌ನಿಂದ ಜಾರಿಯಾದ ಮೇಲೆ, ಹೊಸದಾಗಿ ಸೇರುವ ಪ್ರಾಥಮಿಕ ಶಿಕ್ಷಕರ ಮೂಲ ವೇತನವೇ 40,000 ದಾಟುತ್ತದೆ. ಆ ಹುದ್ದೆ ಖಾಲಿ ಬಿದ್ದರೆ ಅದರ ಸಂಬಳ ಶಾಲೆಗೆ ಬರುವುದಿಲ್ಲ, ಖಜಾನೆಯಲ್ಲೇ ಉಳಿಯುತ್ತದೆ. ಬದಲಿಗೆ ಬರುವ ಅತಿಥಿ ಶಿಕ್ಷಕರ ಗೌರವಧನ ತಿಂಗಳಿಗೆ 10,000 ಇತ್ತು; 2025-26ರ ಬಜೆಟ್‌ನಲ್ಲಿ 2,000 ಹೆಚ್ಚಿಸುವ ಘೋಷಣೆಯಾಯಿತು. ಅದೂ ಶಾಲೆ ನಡೆಯುವ ತಿಂಗಳುಗಳಿಗೆ ಮಾತ್ರ. ಅಂದರೆ ಒಂದೇ ಒಂದು ಹುದ್ದೆ ತೆರವಾದರೆ ಆ ಶಾಲೆಯ ಮಕ್ಕಳು ವರ್ಷಕ್ಕೆ ಕಳೆದುಕೊಳ್ಳುವುದು ಹಲವು ಲಕ್ಷ ರೂಪಾಯಿ, ಮತ್ತು ಇದು ಯಾವ ಆದೇಶದಲ್ಲೂ ಕಡಿತ ಎಂದು ದಾಖಲಾಗುವುದಿಲ್ಲ. ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ ಹಿರಿಯ ಶಿಕ್ಷಕರು ಧಾರವಾಡ, ಹುಬ್ಬಳ್ಳಿಯ ಸಮೀಪದ ಜಾಗ ಆಯ್ದುಕೊಳ್ಳುವುದು ಸಹಜ. ಅವರನ್ನು ನಾನು ದೂರಲಾರೆ. ಆದರೆ ಬಸ್ಸಿಳಿದು ನಡೆದು ಹೋಗಬೇಕಾದ ಊರಿನ ಶಾಲೆಗೆ ಇದರಿಂದ ಎರಡು ಸಲ ಪೆಟ್ಟು ಬೀಳುತ್ತದೆ: ಹುದ್ದೆ ತುಂಬಿದಾಗ ಕಡಿಮೆ ಸಂಬಳದ ಹೊಸಬರು ಬರುತ್ತಾರೆ, ತುಂಬದಿದ್ದಾಗ ಅತಿಥಿಗಳು.

ಅಮೆರಿಕದಲ್ಲಿ ಶಾಲೆಯ ಹಣದ ದೊಡ್ಡ ಪಾಲು ಸ್ಥಳೀಯ ಆಸ್ತಿ ತೆರಿಗೆಯಿಂದ ಬರುವುದರಿಂದ ಶ್ರೀಮಂತ ಬಡಾವಣೆಯ ಮಗುವಿಗೆ ಹೆಚ್ಚು, ಬಡ ಬಡಾವಣೆಯ ಮಗುವಿಗೆ ಕಡಿಮೆ ಎಂಬ ಜಗಳ ಹಳೆಯದು. 1973ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅಂಥ ವ್ಯವಸ್ಥೆ ಸಂವಿಧಾನಬಾಹಿರವಲ್ಲ ಎಂದು 5-4ರ ಬಹುಮತದಿಂದ ತೀರ್ಪಿತ್ತಿತ್ತು. ನಮ್ಮಲ್ಲಿ ಸಂಬಳ ರಾಜ್ಯದ ಖಜಾನೆಯಿಂದ ಬರುವುದರಿಂದ ಆ ತೊಂದರೆ ಇಲ್ಲವೆಂದು ನಾವು ನೆಮ್ಮದಿಯಿಂದಿದ್ದೇವೆ. ಆದರೆ 2015ರ ಕಾನೂನಿನ ಪ್ರಕಾರ ಅಲ್ಲಿ ಪ್ರತಿಯೊಂದು ಶಾಲೆಯಲ್ಲೂ ಸಿಬ್ಬಂದಿಯ ನಿಜವಾದ ಸಂಬಳ ಸೇರಿಸಿ ಒಂದು ಮಗುವಿಗೆ ಎಷ್ಟು ಖರ್ಚಾಯಿತು ಎಂಬುದು ಪ್ರಕಟವಾಗಬೇಕು. ನಮ್ಮಲ್ಲಿ ಅಂಥ ಲೆಕ್ಕ ಊರಿನವರ ಕೈಗೆ ಸಿಗುವುದಿಲ್ಲ.

ಹನ್ನೆರಡು ಮಕ್ಕಳ ಶಾಲೆಗೆ ಇಬ್ಬರು ಶಿಕ್ಷಕರಿದ್ದರೆ ತಲಾ ವೆಚ್ಚ ಕಣ್ಣು ಕುಕ್ಕುವಷ್ಟು ಬರುತ್ತದೆ, ಅದನ್ನು ಮುಚ್ಚಿ ಪಕ್ಕದೂರಿಗೆ ಸೇರಿಸಬಾರದೇಕೆ ಎಂದೂ ಕೆಲವರು ಕೇಳುತ್ತಾರೆ. 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಎಂಬುದು ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲೇ ಇದೆ. ಪಕ್ಕದೂರಿಗೆ ಹೊತ್ತಿಗೆ ಸರಿಯಾಗಿ ಬಸ್ಸು ಬರುವುದು ಖಾತ್ರಿಯಾದ ಮೇಲೆ ಆ ಮಾತು ಆಡೋಣ.

ಮುಂಡರಗಿಯ ಪಾಲಕರು ಇನ್ನೊಂದನ್ನೂ ಎತ್ತುತ್ತಾರೆ. ಗಡಿಯಾಚೆಯ ಕೊಪ್ಪಳ ಜಿಲ್ಲೆಗೆ ಸಂವಿಧಾನದ 371(ಜೆ) ವಿಧಿಯಿಂದಾಗಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣವಿದೆ, ಗದಗ ಜಿಲ್ಲೆಗೆ ಇಲ್ಲ. ನಿಜ. ಆ ಪ್ರದೇಶದ ಹಿಂದುಳಿಕೆಗೆ ಅದು ಬೇಕಾದದ್ದೇ. ಆದರೆ ಗಡಿಯ ಈಚೆಗಿನ ಹೊಲ, ಈಚೆಗಿನ ಬರ ಬೇರೆಯದಲ್ಲ.

ಹಾಗಾದರೆ ನಾವೇನು ಮಾಡಬಹುದು ಎಂದವರಿಗೆ ನಾನು ಕಾಯ್ದೆಯ ಎರಡು ಕಲಮು ತೋರಿಸುತ್ತೇನೆ. 26ನೇ ಕಲಮಿನಂತೆ ಯಾವ ಶಾಲೆಯಲ್ಲೂ ಖಾಲಿ ಹುದ್ದೆಗಳು ಮಂಜೂರಾದ ಹುದ್ದೆಗಳ ಶೇಕಡಾ 10ನ್ನು ಮೀರುವಂತಿಲ್ಲ. ಐದು ಹುದ್ದೆಗಳ ಶಾಲೆಯಲ್ಲಿ ಒಂದು ಖಾಲಿಯಾದರೂ ಅದು ಶೇಕಡಾ 20. 22ನೇ ಕಲಮಿನಂತೆ ಸಮಿತಿ ತಯಾರಿಸುವ ಶಾಲಾ ಅಭಿವೃದ್ಧಿ ಯೋಜನೆಯೇ ಸರ್ಕಾರದ ಅನುದಾನಕ್ಕೆ ಆಧಾರವಾಗಬೇಕು. ನಾನು ನೋಡಿದ ಬಹುತೇಕ ಯೋಜನೆಗಳಲ್ಲಿ ಕಂಪೌಂಡು, ಶೌಚಾಲಯ, ಸ್ಮಾರ್ಟ್ ಕ್ಲಾಸ್ ಬೇಡಿಕೆಗಳಿರುತ್ತವೆ, ಖಾಲಿ ಹುದ್ದೆಯ ಹೆಸರೇ ಇರುವುದಿಲ್ಲ. ಈ ಸಲ ಮಂಜೂರಾದ ಹುದ್ದೆ ಎಷ್ಟು, ಭರ್ತಿಯಾದದ್ದು ಎಷ್ಟು, ಖಾಲಿ ಹುದ್ದೆಯಿಂದ ಉಳಿದ ವಾರ್ಷಿಕ ಸಂಬಳ ಎಷ್ಟು ಎಂಬುದನ್ನು ರೂಪಾಯಿಯಲ್ಲೇ ಬರೆದು, ಠರಾವು ಪಾಸು ಮಾಡಿ, ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿಗೆ ಕೊಟ್ಟು, ಸ್ವೀಕೃತಿಯ ಪ್ರತಿಯನ್ನು ನಡಾವಳಿ ಪುಸ್ತಕದಲ್ಲಿ ಅಂಟಿಸಿಡಿ.